ಐದು ವಾರದ ಭವಿಷ್ಯ, ಟ್ರೆಂಡ್ ಗೆರೆ ಮತ್ತು ಅತ್ತಿಗೆಯ ಟೇಪು

ಕ್ಯಾಲರಿ ಆಪ್ ಹಾಕಿಕೊಂಡವರಲ್ಲಿ ಸುಮಾರು ಜನರಿಗೆ ಈ ಸಾಲು ಗೊತ್ತಿರುತ್ತದೆ. ರಾತ್ರಿ ಊಟದ ಲೆಕ್ಕ ತುಂಬಿ ‘ದಿನ ಮುಗಿಸು’ ಒತ್ತಿದರೆ ಸಾಕು: ಪ್ರತಿದಿನ ಇವತ್ತಿನ ಹಾಗೇ ಇದ್ದರೆ ಐದು ವಾರದಲ್ಲಿ ನಿಮ್ಮ ತೂಕ ಇಷ್ಟಾಗುತ್ತದೆ.

ಇದನ್ನು ನಂಬಬಹುದಾ ಅನ್ನೋದು ಒಂದು ಪ್ರಶ್ನೆ. ನಂಬದಿದ್ದರೂ ಇದರಿಂದ ಹುರುಪು ಬರುತ್ತದಾ ಅನ್ನೋದು ಇನ್ನೊಂದು. ಎರಡಕ್ಕೂ ಉತ್ತರ ಬೇರೆ ಬೇರೆ ಅಂತ ನನಗೆ ಅನ್ನಿಸಿದ್ದು ನಾಲ್ಕು ದಾರಿಗಳನ್ನು ಒಟ್ಟೊಟ್ಟಿಗೆ ನಡೆಸಿ ನೋಡಿದ ಮೇಲೆ. ಮಳೆ ಹಿಡಿಯುವ ಮುಂಚೆ ಶುರು ಮಾಡಿದ್ದು, ಅಡಿಕೆ ಕೊಯ್ಲು ಮುಗಿಯುವವರೆಗೂ ನಡೆಯಿತು. ಮೊದಲನೆಯದು ಈ ಭವಿಷ್ಯ ಹೇಳುವ ಕ್ಯಾಲರಿ ಆಪ್. ಎರಡನೆಯದು ಲಿಬ್ರಾ ಅನ್ನೋ ಆಂಡ್ರಾಯ್ಡ್ ಆಪ್, ಅದು ಊಟದ ಗೊಡವೆಗೇ ಹೋಗುವುದಿಲ್ಲ, ತೂಕ ಮಾತ್ರ ಕೇಳುತ್ತದೆ. ಮೂರನೆಯದು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಎನ್‌ಐಎಚ್ ಇಟ್ಟಿರುವ ‘ಬಾಡಿ ವೇಟ್ ಪ್ಲ್ಯಾನರ್’. ನಾಲ್ಕನೆಯದು ತೀರ್ಥಹಳ್ಳಿಯ ನಮ್ಮ ಅತ್ತಿಗೆಯ ಪದ್ಧತಿ. ಅದಕ್ಕೆ ಮೊಬೈಲೂ ಬೇಡ.

ಲೆಕ್ಕ ಅರ್ಥವಾಗಲಿ ಅಂತ ನನ್ನ ಅಳತೆ ಹೇಳಿಬಿಡುತ್ತೇನೆ. 82 ಕೆ.ಜಿ., 170 ಸೆಂ.ಮೀ., ವಯಸ್ಸು 42. ಶಿವಮೊಗ್ಗದಲ್ಲಿ ಕುರ್ಚಿ ಕೆಲಸ. ಮಳೆ ಇಲ್ಲದ ದಿನ ಸಂಜೆ ವಾಕಿಂಗ್. ನಮ್ಮ ಕಡೆ ಜುಲೈನಲ್ಲಿ ಅಂಥ ದಿನ ಎಷ್ಟು ಸಿಗುತ್ತವೆ ಅಂತ ನಿಮಗೇ ಗೊತ್ತು.

ಕ್ಯಾಲರಿ ಆಪ್ ಮೊದಲು ಮಾಡುವುದು ನಿಮ್ಮ ದೇಹ ದಿನಕ್ಕೆ ಖರ್ಚು ಮಾಡುವ ಕ್ಯಾಲರಿಯ ಅಂದಾಜು. ಇದಕ್ಕೆ ಹೆಚ್ಚಿನ ಆಪ್‌ಗಳು ಬಳಸುವುದು 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜೋರ್ ಸೂತ್ರ. ಗಂಡಸರಿಗೆ ತೂಕದ ಹತ್ತು ಪಟ್ಟು, ಎತ್ತರದ ಆರೂಕಾಲು ಪಟ್ಟು ಕೂಡಿಸಿ, ವಯಸ್ಸಿನ ಐದು ಪಟ್ಟು ಕಳೆದು, ಐದು ಸೇರಿಸಬೇಕು. ನನಗೆ ಸುಮಾರು 1678 ಬರುತ್ತದೆ. ಸುಮ್ನೆ ಮಲಗಿದ್ದರೂ ದೇಹ ಖರ್ಚು ಮಾಡುವುದು ಅಷ್ಟು. ಅದನ್ನು ಓಡಾಟದ ಅಂಕಿಯಿಂದ ಗುಣಿಸುತ್ತಾರೆ. ತಮಾಷೆ ಇರುವುದು ಇಲ್ಲೇ. ‘ಕೂತೇ ಇರುವವರು’ ಅಂತ ಆರಿಸಿದರೆ 1.2, ದಿನದ ಖರ್ಚು 2013. ‘ಸ್ವಲ್ಪ ಓಡಾಡುವವರು’ ಅಂದರೆ 1.375, ಖರ್ಚು 2307. ನಾನು ಇವೆರಡರಲ್ಲಿ ಯಾರು? ಜನವರಿಯಲ್ಲಿ ಎರಡನೆಯವನು, ಜುಲೈನಲ್ಲಿ ಮೊದಲನೆಯವನು. ಆದರೆ ಆ ಒಂದು ಆಯ್ಕೆಯಿಂದಲೇ ಐದು ವಾರದ ಭವಿಷ್ಯದಲ್ಲಿ 1.3 ಕೆ.ಜಿ. ಆಚೀಚೆ ಆಗುತ್ತದೆ. ಒಂದು ತುತ್ತು ತಿನ್ನುವ ಮುಂಚೆಯೇ!

ಆಮೇಲೆ ಭಾಗಾಕಾರ. ಒಂದು ಕೆ.ಜಿ. ಕೊಬ್ಬಿಗೆ 7700 ಕ್ಯಾಲರಿ ಅನ್ನೋ ಲೆಕ್ಕ ಎಲ್ಲ ಕಡೆ ಓಡಾಡುತ್ತದೆ. ಅದರ ಮೂಲ 1958ರಲ್ಲಿ ಮ್ಯಾಕ್ಸ್ ವಿಷ್ನೋಫ್ಸ್ಕಿ ಅನ್ನೋ ವೈದ್ಯರು ಕೊಟ್ಟ, ಒಂದು ಪೌಂಡಿಗೆ 3500 ಅನ್ನುವ ಅಂಕಿ. ಈಗ ಎರಡು ರಾತ್ರಿ ನೋಡಿ. ಒಂದು ರಾತ್ರಿ ಗಂಜಿ, ತಂಬುಳಿಯಲ್ಲಿ ಮುಗಿಸಿದ್ದೆ. ದಿನದ ಒಟ್ಟು 1600. 2307ರ ಖರ್ಚಿಗಿಂತ ಸುಮಾರು 700 ಕಡಿಮೆ. 35 ದಿನಕ್ಕೆ 24,500, ಅಂದರೆ 3.2 ಕೆ.ಜಿ. ಆಪ್ ಹೇಳಿತು: ನಿಮ್ಮ ತೂಕ 78.8. ಮಾರನೇ ದಿನ ಸಾಗರದಲ್ಲಿ ನೆಂಟರ ಮದುವೆ. ಹೋಳಿಗೆ, ತುಪ್ಪ, ಎರಡನೇ ಸುತ್ತಿನ ಪಾಯಸ, ದಾರಿಯಲ್ಲಿ ಬಜ್ಜಿ. ಒಟ್ಟು 3000 ಆಯಿತು. ಈಗ 700 ಜಾಸ್ತಿ. ಆಪ್ ಹೇಳಿತು: 85.2.

ಒಂದೇ ಮನುಷ್ಯ, 24 ಗಂಟೆ ಅಂತರ, ಭವಿಷ್ಯದಲ್ಲಿ 6.4 ಕೆ.ಜಿ. ವ್ಯತ್ಯಾಸ. ಗುಣಾಕಾರ ತಪ್ಪಿಲ್ಲ. ‘ಪ್ರತಿದಿನ ಹೀಗೇ ಇದ್ದರೆ’ ಅನ್ನೋ ಷರತ್ತೇ ತಪ್ಪು. ಪ್ರತಿದಿನ ಮದುವೆ ಊಟ ಉಣ್ಣುವವರೂ ಇಲ್ಲ, ಪ್ರತಿದಿನ ಗಂಜಿ ಕುಡಿದು ಸುಮ್ಮನಿರುವವರೂ ಇಲ್ಲ. ಇದನ್ನು ಅತ್ತಿಗೆಗೆ ತೋರಿಸಿದ್ದಕ್ಕೆ, “ನಾಳೆ ನಾನು ಎಂಥ ತಿಂತೀನಿ ಅಂತ ನಂಗೇ ಗೊತ್ತಿಲ್ಲ. ನಿನ್ನ ಮೊಬೈಲಿಗೆ ಹೆಂಗೆ ಗೊತ್ತಾಯ್ತು ಮಾರಾಯ?” ಅಂದರು. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಇಷ್ಟಕ್ಕೂ ಆ 1600 ಅನ್ನೋದು ನಿಜವಾದ 1600 ಆಗಿತ್ತಾ? ಮಲೆನಾಡಿನ ಅಡುಗೆಯನ್ನು ಆಪ್‌ಗೆ ತುಂಬುವುದು ದೊಡ್ಡ ಪೇಚಾಟ. ನಾನು ಕಡುಬು ಅಂತ ಹುಡುಕಿದರೆ ಎಣ್ಣೆಯಲ್ಲಿ ಕರಿದ ಸಿಹಿ ಕಡುಬು ಮುಂದೆ ಬಂತು. ನಮ್ಮ ಹಬೆಯ ಉಂಡೆ ಕಡುಬು ಅದಕ್ಕೆ ಗೊತ್ತಿಲ್ಲ. ಕೊನೆಗೆ ಅಕ್ಕಿ ತರಿಯನ್ನೇ ತೂಗಿದೆ. ಕಾಲು ಕೆ.ಜಿ. ತರಿಗೆ ಸುಮಾರು 875 ಕ್ಯಾಲರಿ. ಹತ್ತು ಉಂಡೆ ಮಾಡಿದರೆ ಒಂದಕ್ಕೆ 87 ಚಿಲ್ಲರೆ. ಇಲ್ಲಿಯವರೆಗೆ ಸರಿ. ಚಟ್ನಿಗೆ ಬಂದಾಗ ಕಷ್ಟ ಶುರುವಾಯಿತು. ಹಸಿ ಕಾಯಿ ನೂರು ಗ್ರಾಂಗೆ 350ರ ಹತ್ತಿರ. 30 ಗ್ರಾಂ ಕಾಯಿ ಹೊಟ್ಟೆಗೆ ಹೋದರೂ ಅದು ಒಂದು ಕಡುಬಿಗಿಂತ ಜಾಸ್ತಿ. ಎಷ್ಟು ಕಾಯಿ ಹಾಕಿದೆ ಅಂತ ಅಮ್ಮನನ್ನು ಕೇಳಿದರೆ, “ಒಂದು ಹಿಡಿ. ಕಾಯಿತುರಿನ ತೂಗಿ ಹಾಕ್ತಾರೇನೋ ಯಾರಾದ್ರೂ?” ಅನ್ನುತ್ತಾರೆ. ಅವರ ಹಿಡಿ, ನನ್ನ ಹಿಡಿ, ಆಪ್‌ನ ಹಿಡಿ, ಮೂರೂ ಬೇರೆ. ಒಗ್ಗರಣೆಯ ಎಣ್ಣೆಯೂ ಹಾಗೇ. ಒಂದು ಟೀ ಚಮಚಕ್ಕೆ 40. ಮೂರು ಚಮಚ ಲೆಕ್ಕಕ್ಕೆ ಸಿಗದೆ ಹೋದರೆ 120.

ಇನ್ನೊಂದು ಎಡವುವ ಜಾಗ ಅನ್ನ. ನೂರು ಗ್ರಾಂ ಅಕ್ಕಿಗೆ 350, ನೂರು ಗ್ರಾಂ ಅನ್ನಕ್ಕೆ 130. ಪಟ್ಟಿಯಲ್ಲಿ ಎರಡೂ ಪಕ್ಕಪಕ್ಕ ಇರುತ್ತವೆ, ಹೆಸರೂ ಒಂದೇ ಥರ.

ದಿನಕ್ಕೆ 200 ಕ್ಯಾಲರಿ ಕಡಿಮೆ ಬರೆದರೆ ಐದು ವಾರಕ್ಕೆ 0.9 ಕೆ.ಜಿ. ತಪ್ಪುತ್ತದೆ. 200 ತಪ್ಪುವುದು ಏನೂ ದೊಡ್ಡ ವಿಷಯವಲ್ಲ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂದಿತ್ತು. ಎಷ್ಟು ಡಯಟ್ ಮಾಡಿದರೂ ತೂಕ ಇಳಿಯುತ್ತಿಲ್ಲ ಅನ್ನುವವರನ್ನು ಕೂರಿಸಿ ಅಳೆದರು. ಅವರು ತಿಂದದ್ದನ್ನು ಸರಾಸರಿ 47% ಕಡಿಮೆ ಹೇಳಿದ್ದರು, ಮಾಡಿದ ಓಡಾಟವನ್ನು 51% ಜಾಸ್ತಿ ಹೇಳಿದ್ದರು. ಸುಳ್ಳು ಹೇಳುವ ಉದ್ದೇಶ ಇರಬೇಕು ಅಂತೇನೂ ಇಲ್ಲ. ಹಿಡಿ ಲೆಕ್ಕ ಅಂದರೇ ಹಾಗೆ.

ಸರಿ, ನಂಬಿಕೆಗೆ ಫೇಲು. ಹುರುಪಿಗೆ? ಇಲ್ಲಿ ಅದಕ್ಕೆ ಒಂದು ಮಾರ್ಕು ಕೊಡಲೇಬೇಕು. ಮೊದಲ ದಿನಗಳಲ್ಲಿ ಆ ಸಾಲು ನೋಡುವ ಆಸೆಗೇ ಲೆಕ್ಕ ತಪ್ಪದೆ ತುಂಬಿದೆ. ತುಂಬಿದ್ದರಿಂದ ಸಂಜೆ ಚಹಾದ ಜೊತೆ ಒಳಗೆ ಹೋಗುವ ಖಾರ ಮಂಡಕ್ಕಿ, ಬೆಣ್ಣೆ ಬಿಸ್ಕತ್ತು ಕಣ್ಣಿಗೆ ಬಿತ್ತು. ಅದು ನಿಜವಾದ ಲಾಭ. ಆದರೆ ಆ ಸಾಲಿನ ಇನ್ನೊಂದು ಮುಖ ನನಗೆ ಹಿಡಿಸಲಿಲ್ಲ. ಕಡಿಮೆ ತಿಂದಷ್ಟೂ ಭವಿಷ್ಯ ಚೆನ್ನಾಗಿ ಕಾಣುತ್ತದೆ. ರಾತ್ರಿ ಊಟ ಬಿಟ್ಟರೆ ಇನ್ನೂ ಚೆನ್ನಾಗಿ. ಊಟದ ವಿಷಯದಲ್ಲಿ ಮೊದಲೇ ಮನಸ್ಸು ನೊಂದಿರುವವರಿಗೆ, ಹದಿಹರೆಯದ ಮಕ್ಕಳಿಗೆ ಇದು ಬೇಡವೇ ಬೇಡ. ನಾನು ಬಳಸಿದ ಆಪ್‌ನಲ್ಲಿ ‘ದಿನ ಮುಗಿಸು’ ಒತ್ತದಿದ್ದರೂ ತುಂಬಿದ ಲೆಕ್ಕ ಉಳಿಯುತ್ತದೆ, ಭವಿಷ್ಯ ಮಾತ್ರ ಬರುವುದಿಲ್ಲ. ಈಗ ಒತ್ತುವುದಿಲ್ಲ.

ಲಿಬ್ರಾದ ದಾರಿಯೇ ಬೇರೆ. ಬೆಳಗ್ಗೆ ಎದ್ದು, ಶೌಚ ಮುಗಿಸಿ, ತಿಂಡಿಗೆ ಮುಂಚೆ ತೂಕ ನೋಡಿ ಹಾಕಬೇಕು ಅಷ್ಟೇ. ಅದು ಒಂದು ಟ್ರೆಂಡ್ ಗೆರೆ ಎಳೆಯುತ್ತದೆ. ಈ ಲೆಕ್ಕವನ್ನು ಜನಪ್ರಿಯ ಮಾಡಿದವರು ಆಟೋಡೆಸ್ಕ್ ಕಂಪನಿ ಕಟ್ಟಿದವರಲ್ಲೊಬ್ಬರಾದ ಜಾನ್ ವಾಕರ್. ನಿನ್ನೆಯ ಟ್ರೆಂಡ್ ತಗೊಳ್ಳಿ, ಇವತ್ತಿನ ತೂಕಕ್ಕೂ ಅದಕ್ಕೂ ಇರುವ ಅಂತರದ ಹತ್ತರಲ್ಲೊಂದು ಪಾಲು ಮಾತ್ರ ಸೇರಿಸಿ. ಟ್ರೆಂಡ್ 81.6 ಇದ್ದು ಬೆಳಗ್ಗೆ ಕಾಟಾ 82.6 ತೋರಿಸಿದರೆ, ಗೆರೆ 81.7ಕ್ಕೆ ಮಾತ್ರ ಏರುತ್ತದೆ. ಒಂದು ಕೆ.ಜಿ. ಗಾಬರಿ ನೂರು ಗ್ರಾಂಗೆ ಇಳಿಯಿತು.

ಇದರ ಬೆಲೆ ಗೊತ್ತಾಗುವುದು ಮಿಡಿ ಉಪ್ಪಿನಕಾಯಿ ತಿಂದ ಮರುದಿನ. ಉಪ್ಪು ನೀರು ಹಿಡಿದಿಡುತ್ತದೆ, ಕಾಟಾ ಏರುತ್ತದೆ. ಅನ್ನ, ರೊಟ್ಟಿ ಬಿಟ್ಟ ಮೊದಲ ವಾರ ಉಲ್ಟಾ. ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಖರ್ಚಾಗುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಹಸಿ ಅಡಿಕೆ ಅಂಗಳದಲ್ಲಿ ಹರಡಿದಾಗ ಮೊದಲ ಬಿಸಿಲಿಗೇ ತೂಕ ಸರ್ರನೆ ಇಳಿಯುವುದಿಲ್ಲವೇ, ಇದೂ ಅದೇ. ಅಡಿಕೆ ಎಲ್ಲೂ ಹೋಗಿಲ್ಲ, ನೀರು ಹೋಗಿದೆ. ಆ ವಾರದ ಇಳಿತ ನೋಡಿ ಮುಂದಿನದು ಗುಣಿಸಿದವರಿಗೆ ಮೂರನೇ ವಾರ ಬೇಜಾರು ಗ್ಯಾರಂಟಿ.

ಲಿಬ್ರಾ ಕೂಡ ಭವಿಷ್ಯ ಹೇಳುತ್ತದೆ. ಇದೇ ವೇಗದಲ್ಲಿ ಹೋದರೆ ಗುರಿ ಮುಟ್ಟುವುದು ಯಾವಾಗ ಅಂತ. ಹಿಂದಿನ ತೂಕ ನೋಡಿ ಹೇಳುವುದರಿಂದ ಊಟದ ಸುಳ್ಳು ಇದರೊಳಗೆ ಬರುವುದಿಲ್ಲ. ಆದರೆ ವೇಗ ಕುಗ್ಗಿದಾಗ ಇದೂ ಎಗರಾಡುತ್ತದೆ. ಇಳಿಸಬೇಕಾದದ್ದು ಏಳು ಕೆ.ಜಿ. ಅಂದುಕೊಳ್ಳಿ. ವಾರಕ್ಕೆ 400 ಗ್ರಾಂ ಇಳಿಯುತ್ತಿದ್ದರೆ ನಾಲ್ಕು ತಿಂಗಳ ಮಾತು. ಗೌರಿ-ಗಣೇಶ ಬಂದು ವಾರಕ್ಕೆ ನೂರು ಗ್ರಾಂ ಆದರೆ 70 ವಾರ. ಹಬ್ಬದ ವಾರಗಳಲ್ಲಿ ಗೆರೆ ಮಾತ್ರ ನೋಡಿ, ತಾರೀಕು ನೋಡಲು ಹೋಗಬೇಡಿ. ಐಫೋನ್ ಇದ್ದವರಿಗೆ ಹ್ಯಾಪಿ ಸ್ಕೇಲ್ ಇದೇ ಜಾತಿಯದು.

ಪ್ಲ್ಯಾನರ್ ಆಪ್ ಅಲ್ಲ, ಬ್ರೌಸರ್‌ನಲ್ಲಿ ತೆರೆಯುವ ಪುಟ. ಪುಕ್ಕಟೆ, ದೊಡ್ಡವರಿಗೆ ಮಾತ್ರ. ಇಂಗ್ಲಿಷ್‌ನಲ್ಲಿದೆ, ಆದರೆ ಕೆ.ಜಿ.ಗೆ ಬದಲಾಯಿಸಿಕೊಳ್ಳಬಹುದು. ಇದರ ಹಿಂದಿರುವುದು ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಕೊಟ್ಟ ಲೆಕ್ಕದ ಮಾದರಿ. ಅವರು ಹೇಳಿದ್ದು ಇಷ್ಟೇ: ತೂಕ ಇಳಿದಂತೆ ದೇಹದ ಖರ್ಚೂ ಇಳಿಯುತ್ತದೆ. ಹಾಗಾಗಿ 7700ರ ಭಾಗಾಕಾರ ವರ್ಷದ ಲೆಕ್ಕಕ್ಕೆ ಆಗಿಬರುವುದಿಲ್ಲ. ದಿನಕ್ಕೆ 250 ಕಡಿಮೆ ತಿಂದರೆ ಹಳೇ ಲೆಕ್ಕದಲ್ಲಿ ವರ್ಷಕ್ಕೆ 12 ಕೆ.ಜಿ. ಹತ್ತಿರ ಇಳಿಯಬೇಕು. ಹಾಲ್ ತಂಡದ ಅಂದಾಜಿನಲ್ಲಿ ಮೊದಲ ವರ್ಷ ಅದರ ಅರ್ಧ, ಐದಾರು ಕೆ.ಜಿ. ಉಳಿದದ್ದು ಮುಂದಿನ ಎರಡು ವರ್ಷದಲ್ಲಿ ನಿಧಾನಕ್ಕೆ, ಅದೂ ಹಾಗೇ ತಿನ್ನುತ್ತಿದ್ದರೆ.

ಆಫೀಸಿನ ಗೆಳೆಯರೊಬ್ಬರಿಗೆ ಇದನ್ನು ತೋರಿಸಿದರೆ ಮುಖ ಸಪ್ಪೆ ಮಾಡಿಕೊಂಡರು. “ವರ್ಷಕ್ಕೆ ಐದು ಕೆ.ಜಿ.ಗೆ ಇಷ್ಟೆಲ್ಲ ಯಾಕೆ ಸಾರ್?” ಅಂದರು. ನನಗೆ ಮಾತ್ರ ಇದೇ ಹಿಡಿಸಿತು. ನನ್ನ ಟ್ರೆಂಡ್ ಜೂನ್‌ನಲ್ಲಿ 82 ಇದ್ದದ್ದು ಕೊಯ್ಲು ಮುಗಿಯುವಾಗ 78ರ ಹತ್ತಿರ ಬಂತು. ಕ್ಯಾಲರಿ ಆಪ್ ಇದನ್ನು ಐದು ವಾರದಲ್ಲೇ ಕೈಗೆ ಕೊಡುವ ಹಾಗೆ ಎಷ್ಟೋ ರಾತ್ರಿ ಮಾತಾಡಿತ್ತು. ಪ್ಲ್ಯಾನರ್ ಎಳೆದ ಗೆರೆ ಮಾತ್ರ ಲಿಬ್ರಾದ ಗೆರೆಯ ಪಕ್ಕದಲ್ಲೇ ಬಂತು, ಹಬ್ಬದ ದಿನಗಳಲ್ಲಿ ಸ್ವಲ್ಪ ಅಗಲಿದ್ದು ಬಿಟ್ಟರೆ. ಇನ್ನೊಂದು ಒಳ್ಳೆ ಗುಣ: ಗುರಿ ಮುಟ್ಟಿದ ಮೇಲೆ ಅಲ್ಲೇ ನಿಲ್ಲಲು ದಿನಕ್ಕೆ ಎಷ್ಟು ತಿನ್ನಬಹುದು ಅಂತಲೂ ಹೇಳುತ್ತದೆ. ಐದು ವಾರದ ಸಾಲು ಆ ಮಾತು ಎತ್ತುವುದೇ ಇಲ್ಲ.

ಕೊರತೆ ಎಂದರೆ ಓಡಾಟದ ಪ್ರಶ್ನೆ ಇಲ್ಲೂ ಇದೆ. ಅತ್ತಿಗೆಯ ಅಂಕಿ ಹಾಕೋಣ ಅಂತ ಕೂತರೆ, ತೋಟಕ್ಕೆ ಇಳಿದು ಗುಡ್ಡ ಹತ್ತಿ ಬರುವುದನ್ನು, ಕೊಟ್ಟಿಗೆ ಕೆಲಸವನ್ನು ಯಾವ ಆಯ್ಕೆಗೆ ಸೇರಿಸುವುದು ಅಂತ ಇಬ್ಬರಿಗೂ ತಿಳಿಯಲಿಲ್ಲ.

ಅವರ ಪದ್ಧತಿ ಹೀಗೆ. ಭಾನುವಾರ ಬೆಳಗ್ಗೆ ಅಡಿಕೆ ಮೂಟೆ ತೂಗುವ ಎಲೆಕ್ಟ್ರಾನಿಕ್ ಕಾಟಾ ಮೇಲೆ ಹತ್ತುವುದು, ಹೊಲಿಗೆ ಟೇಪಿನಲ್ಲಿ ಹೊಟ್ಟೆಯ ಸುತ್ತಳತೆ ನೋಡುವುದು, ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೆ ಎರಡೂ ಬರೆಯುವುದು. ಮುಗಿಯಿತು. ಭಾರತೀಯರಿಗೆ ಈ ಸುತ್ತಳತೆಯ ಮಿತಿ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90. ತೂಕ ಅಲ್ಲಾಡದ ವಾರಗಳಲ್ಲೂ ಟೇಪು ಅರ್ಧ ಸೆಂಟಿಮೀಟರ್ ಕೆಳಗೆ ಬಂದಿರುವುದು ಉಂಟು. ಏನು ತಿಂದು ಏರಿತು, ಏನು ಬಿಟ್ಟು ಇಳಿಯಿತು ಅಂತ ಇದರಿಂದ ತಿಳಿಯುವುದಿಲ್ಲ, ಮುಂದಿನದಂತೂ ಇಲ್ಲವೇ ಇಲ್ಲ. ಅವರಿಗೆ ಅದು ಬೇಕಾಗಿಯೂ ಇಲ್ಲ.

ನನ್ನನ್ನು ಕೇಳಿದರೆ ನಂಬಿಕೆಗೆ ಪ್ಲ್ಯಾನರ್ ಮೊದಲು, ಲಿಬ್ರಾ ಅದರ ಹಿಂದೆ. ದಿನಾ ಎಳೆದು ತಂದು ಕೂರಿಸುವುದಕ್ಕೆ ಲಿಬ್ರಾವೇ ಮೊದಲು. ಕ್ಯಾಲರಿ ಆಪ್ ಒಂದಿಷ್ಟು ದಿನ ಇಟ್ಟುಕೊಂಡು, ನಮ್ಮ ಮನೆಯ ಅಡುಗೆಯಲ್ಲಿ ಯಾವುದರಲ್ಲಿ ಎಷ್ಟಿದೆ ಅಂತ ಕಲಿತು ಬಿಡುವಂಥದ್ದು. ದಿನಾ ತೂಕ ನೋಡಿದರೆ ತಲೆಬಿಸಿ ಆಗುವವರು ಅತ್ತಿಗೆಯ ದಾರಿ ಹಿಡಿಯಲಿ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತಗೊಳ್ಳುವವರು ಯಾವುದರ ಅಂಕಿ ನೋಡಿಯೂ ಊಟ ಇಳಿಸಬಾರದು, ಮೊದಲು ಡಾಕ್ಟರ್ ಹತ್ತಿರ ಮಾತಾಡಬೇಕು.

ಯಾವುದು ಆರಿಸಿದರೂ ಮನೆಯ ಕಾಟಾ ಇಡುವ ಜಾಗ ನೋಡಿಕೊಳ್ಳಿ. ಚಾಪೆ, ಕಾರ್ಪೆಟ್ ಮೇಲೆ ಬೇಡ, ಅಲುಗಾಡುವ ಕಡಪ ಕಲ್ಲಿನ ಮೇಲೂ ಬೇಡ. ಸಮವಾದ ಗಟ್ಟಿ ನೆಲದಲ್ಲಿ ಒಂದೇ ಮೂಲೆ ಗೊತ್ತು ಮಾಡಿ. ಮಳೆಗಾಲದಲ್ಲಿ ಬಚ್ಚಲ ಹತ್ತಿರ ಇಟ್ಟರೆ ಥಂಡಿ ಹಿಡಿದು ಸೆಲ್ ತುಕ್ಕು ಬರುತ್ತದೆ, ಅದಕ್ಕೆ ಮುಂಚೆ ತೆಗೆದು ಒಳಗಿಡಿ.