ಈ ಥರದ ಥ್ರಿಲ್ಲರ್‌ಗೆ ಮೊದಲ ವಾರವೇ ಟಿಕೆಟ್ ತೆಗೀಬೇಡಿ

ಕಳೆದ ಶನಿವಾರ ಸಂಜೆ ಅಪ್ಪನನ್ನು ಕರೆದುಕೊಂಡು ಒಂದು ಕನ್ನಡ ಕ್ರೈಮ್ ಥ್ರಿಲ್ಲರ್‌ಗೆ ಹೋಗಿದ್ದೆ. ಎರಡೂವರೆ ಗಂಟೆ ಹೋಯಿತು, ಹತ್ತಿರ ಹತ್ತಿರ 1,700 ರೂಪಾಯಿ ಹೋಯಿತು. ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಬೇರೆ ಕಾರಣಕ್ಕೆ, ಅದನ್ನು ಮುಂದೆ ಹೇಳುತ್ತೇನೆ. ನೀವೂ ಮನೆಯವರನ್ನೆಲ್ಲ ಕರೆದುಕೊಂಡು ಹೊರಡುವ ಯೋಚನೆಯಲ್ಲಿದ್ದರೆ ಒಂದೈದು ನಿಮಿಷ ಇದನ್ನು ಓದಿ.

ಚಿತ್ರದ ಹೆಸರು ಬರೆಯುತ್ತಿಲ್ಲ. ಮಳೆಯಲ್ಲಿ ನೆಂದು ಅದಕ್ಕೆ ದುಡಿದವರು ನೂರಾರು ಜನ ಇರುತ್ತಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಅದೂ ಅಲ್ಲದೆ ಇದೇ ಅಚ್ಚಿನಲ್ಲಿ ತೆಗೆದ ಇನ್ನೂ ನಾಲ್ಕೈದು ಚಿತ್ರಗಳಿಗೆ ನಾನು ದುಡ್ಡು ಕೊಟ್ಟು ಕೂತಿದ್ದೇನೆ. ಹೆಸರು ಹೇಳಿದರೆ ಒಂದರಿಂದ ತಪ್ಪಿಸಿಕೊಳ್ಳುತ್ತೀರಿ. ಗುರುತು ಗೊತ್ತಾದರೆ ಮುಂದಿನದರಿಂದಲೂ ತಪ್ಪಿಸಿಕೊಳ್ಳಬಹುದು.

ನಮ್ಮಪ್ಪ ಮಂಡ್ಯ ಜಿಲ್ಲೆಯಲ್ಲಿ ಪೊಲೀಸ್ ಇಲಾಖೆಯಲ್ಲಿದ್ದವರು. ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದರು, ಅದರಲ್ಲಿ ಹೆಚ್ಚು ವರ್ಷ ಸ್ಟೇಷನ್ ರೈಟರ್ ಕೆಲಸ. ಎಫ್‌ಐಆರ್ ಬರೆಯೋದು, ಮಹಜರು (ಸ್ಥಳದಲ್ಲಿ ಕಂಡದ್ದರ, ಸಿಕ್ಕಿದ್ದರ ದಾಖಲೆ) ಬರೆಯೋದು, ಕೇಸ್ ಫೈಲ್ ಜೋಡಿಸೋದು, ಕೋರ್ಟಿಗೆ ಓಡಾಡೋದು. ಈಗ ಮೈಸೂರಿನಲ್ಲಿ ನಮ್ಮ ಜೊತೆ ಇದ್ದಾರೆ. ಕೊಲೆ, ತನಿಖೆ ಅಂದರೆ ಪ್ರಾಣ. ಮಂಡಿ ನೋವು ಶುರುವಾದ ಮೇಲೆ ಥಿಯೇಟರಿಗೆ ಹೋಗೋದನ್ನೇ ಬಿಟ್ಟಿದ್ದರು. ಟ್ರೇಲರ್ ತೋರಿಸಿ, "ಅಪ್ಪ, ಇದು ಪೊಲೀಸ್ ತನಿಖೆ ಕಥೆಯಂತೆ, ಹೋಗೋಣ್ವಾ?" ಅಂದೆ. ಮಧ್ಯಾಹ್ನ ಮೂರಕ್ಕೇ ಶರ್ಟ್ ಇಸ್ತ್ರಿ ಮಾಡಿಸಿಟ್ಟು, ಕನ್ನಡಕ ಒರೆಸಿಕೊಂಡು ಕೂತಿದ್ದರು. ಶೋ ಇದ್ದದ್ದು ಆರೂಮುಕ್ಕಾಲಿಗೆ.

ಟಿಕೆಟ್ ಒಂದಕ್ಕೆ 380. ಅದರ ಮೇಲೆ ಆ್ಯಪ್‌ನವರು ಹಾಕುವ ಶುಲ್ಕ ಬೇರೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿದಾಗ ಖುಷಿಪಟ್ಟಿದ್ದೆವು, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಪಾಪ್‌ಕಾರ್ನ್, ನೀರು, ಹೋಗಿ ಬರುವ ಆಟೊ ಎಲ್ಲ ಸೇರಿಸಿ ನಾನು ಮೇಲೆ ಹೇಳಿದ ಲೆಕ್ಕ. ಮಧ್ಯಮ ವರ್ಗದ ಮನೆಯಲ್ಲಿ ನಾಲ್ಕು ಜನ ಹೋದರೆ ಎಷ್ಟಾಗುತ್ತೆ ನೀವೇ ನೋಡಿ.

ಕಥೆಗೆ ಬರುತ್ತೇನೆ. ಮಲೆನಾಡಿನ ಒಂದು ಊರು. ಜಡಿ ಮಳೆ. ಒಂದಾದ ಮೇಲೊಂದು ಕೊಲೆ, ಪ್ರತಿ ಹೆಣದ ಪಕ್ಕದಲ್ಲಿ ಕವಡೆ. ಮೊದಲ ಹೆಣಕ್ಕೆ ಒಂದು ಕವಡೆ, ಎರಡನೆಯದಕ್ಕೆ ಎರಡು. ಸಸ್ಪೆಂಡ್ ಆಗಿ ಕುಡಿತಕ್ಕೆ ಬಿದ್ದ ಇನ್‌ಸ್ಪೆಕ್ಟರ್, ಹೆಂಡತಿ ತೀರಿಕೊಂಡಿದ್ದಾಳೆ, ಅವನನ್ನೇ ವಾಪಸ್ ಕರೆಸುತ್ತಾರೆ. ಇಷ್ಟು ಕೇಳಿದ ಕೂಡಲೇ ಉಳಿದದ್ದು ನಿಮಗೆ ಗೊತ್ತಾಗಿರಬಹುದು. ಆದರೂ ಮೊದಲ ಹತ್ತು ನಿಮಿಷ ನಾನು ಆಸೆಯಿಂದಲೇ ನೋಡಿದೆ. ಕವಡೆಯ ವಿಚಾರ ಚೆನ್ನಾಗಿತ್ತು. ಚೌಕಾಬಾರ ಆಡಿದವರಿಗೆಲ್ಲ ಅದು ಕೈಗೆ ಹತ್ತಿರದ ವಸ್ತು ಅಲ್ವಾ.

ಆಮೇಲೆ ಕಾಲೇಜಿನ ಒಬ್ಬ ಲೆಕ್ಚರರ್ ಬರುತ್ತಾನೆ. ಪೊಲೀಸರಿಗೆ ಕವಡೆಯ ಇತಿಹಾಸ ಹೇಳಿಕೊಡುವ ಸಣ್ಣ ಪಾತ್ರ, ಎರಡೇ ಮಾತು. ಆದರೆ ಆ ಎರಡು ಮಾತಿಗೆ ತುಂಬಾ ಹೆಸರಿರುವ ನಟನನ್ನು ಹಾಕಿದ್ದಾರೆ. ಅವನು ಟೀ ಲೋಟ ಕೆಳಗಿಡುವಾಗ ಕ್ಯಾಮೆರಾ ಅವನ ಬೆರಳ ಮೇಲೆ ನಿಲ್ಲುತ್ತದೆ. ಎದ್ದು ಹೋಗುವಾಗ ಬೂಟಿನ ಮೇಲೆ ನಿಲ್ಲುತ್ತದೆ. ಹಿನ್ನೆಲೆಯಲ್ಲಿ ಪಿಟೀಲು ಒಂದೇ ಸ್ವರದಲ್ಲಿ ಎಳೆಯುತ್ತಾ ಇದೆ. ಅಪ್ಪ ನನ್ನ ಕಡೆ ಬಾಗಿ, "ಇವನೇ ಕಣಮ್ಮ" ಅಂದರು. ನಾನು ಮೊಬೈಲ್ ನೋಡಿದೆ. ಚಿತ್ರ ಶುರುವಾಗಿ ಇಪ್ಪತ್ತೆರಡು ನಿಮಿಷ.

ಅದಾದ ಮೇಲೆ ಎರಡು ಗಂಟೆ ಕಾಲ ಚಿತ್ರ ನಮ್ಮನ್ನು ಬೇರೆ ಬೇರೆ ಕಡೆ ಓಡಿಸುತ್ತದೆ. ಒಬ್ಬ ಹುಚ್ಚ, ಒಬ್ಬ ಎಸ್ಟೇಟ್ ಮಾಲೀಕ, ಒಬ್ಬ ಮಾತು ಬಾರದ ವಾಚ್‌ಮನ್. ಇವರು ಯಾರೂ ಅಲ್ಲ ಅಂತ ಥಿಯೇಟರಿನಲ್ಲಿ ಕೂತ ಎಲ್ಲರಿಗೂ ಗೊತ್ತು. ಇಂಟರ್‌ವಲ್‌ನಲ್ಲಿ ಸಮೋಸ ಕ್ಯೂನಲ್ಲಿ ನಿಂತಿದ್ದ ಹುಡುಗರೂ ಅದೇ ಮಾತಾಡುತ್ತಿದ್ದರು. ಕೊನೆಯ ಇಪ್ಪತ್ತು ನಿಮಿಷ ಚಿಕ್ಕಂದಿನ ಫ್ಲ್ಯಾಶ್‌ಬ್ಯಾಕ್. ಲೆಕ್ಚರರ್‌ನ ಅಕ್ಕನಿಗೆ ಅನ್ಯಾಯ ಆಗಿತ್ತು, ನೋಡಿಯೂ ಸುಮ್ಮನಿದ್ದವರನ್ನೆಲ್ಲ ಅವನು ಕೊಲ್ಲುತ್ತಿದ್ದಾನೆ. ಆ ಅಕ್ಕನ ಪಾತ್ರಕ್ಕೆ ಒಂದು ಹೆಸರೂ ಸರಿಯಾಗಿ ಕೊಟ್ಟಿಲ್ಲ. ಕಿರುಚುತ್ತಾಳೆ, ಸಾಯುತ್ತಾಳೆ, ಅಷ್ಟೇ. ಕೊಲೆಯಾದ ಮೂರು ಜನರ ಮನೆಯವರನ್ನಂತೂ ಒಂದು ಸಲವೂ ತೋರಿಸಲಿಲ್ಲ. ಒಂದು ಹೆಣ ಬಿದ್ದರೆ ಒಂದು ಮನೆ ಮುರಿದುಬೀಳುತ್ತದೆ. ಅದು ಇಲ್ಲದೆ ಕೊಲೆ ಯಾರು ಮಾಡಿದರೆ ನಮಗೇನು?

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಕೊಲೆಗಾರ ಯಾರು ಅಂತ ಮೊದಲೇ ಗೊತ್ತಾಗಿದ್ದಕ್ಕೆ ನನ್ನ ತಕರಾರಿಲ್ಲ. 2014ರಲ್ಲಿ ರವಿಚಂದ್ರನ್ ಮಾಡಿದ 'ದೃಶ್ಯ' ನೆನಪಿದೆಯಾ? ಮಲಯಾಳಂನಿಂದ ಬಂದ ಕಥೆ. ಅಲ್ಲಿ ಕೊಲೆ ನಮ್ಮ ಕಣ್ಣ ಮುಂದೆಯೇ ಆಗುತ್ತದೆ, ಯಾರು, ಯಾಕೆ, ಎಲ್ಲ ಗೊತ್ತು. ಆದರೂ ಪೊಲೀಸರು ಆ ಮನೆಗೆ ಬಂದಾಗಲೆಲ್ಲ ನಮ್ಮ ಎದೆ ಹೊಡೆದುಕೊಳ್ಳುತ್ತದೆ, ಯಾಕಂದ್ರೆ ಆ ಸಂಸಾರ ಅಷ್ಟು ಹೊತ್ತಿಗೆ ನಮ್ಮದೇ ಆಗಿರುತ್ತದೆ. ಶನಿವಾರ ನೋಡಿದ ಚಿತ್ರಕ್ಕೆ ಒಂದೇ ಒಂದು ಬಂಡವಾಳ ಇತ್ತು, 'ಯಾರು' ಅನ್ನೋ ಪ್ರಶ್ನೆ. ಅದು ಕೈಜಾರಿದ ಮೇಲೆ ಉಳಿದದ್ದು ಮಳೆ ಮತ್ತು ಪಿಟೀಲು.

ತನಿಖೆಯ ವಿಷಯ ಅಪ್ಪನಿಂದ ಕೇಳಿದ್ದು, ಅದನ್ನೂ ಬರೆಯಬೇಕು. ಇನ್‌ಸ್ಪೆಕ್ಟರ್ ಹೆಣದ ಪಕ್ಕದಲ್ಲಿ ಕೂತು ಬರಿಗೈಯಲ್ಲಿ ಕವಡೆ ಎತ್ತಿಕೊಂಡು ಜೇಬಿಗೆ ಹಾಕಿಕೊಳ್ಳುವ ದೃಶ್ಯ ಇದೆ. ಅಪ್ಪ ಸೀಟಿನಲ್ಲಿ ಮುಂದಕ್ಕೆ ಬಂದು "ಅಯ್ಯೋ" ಅಂದುಬಿಟ್ಟರು. ಪಂಚರ, ಅಂದರೆ ಸಾಕ್ಷಿಯಾಗಿ ನಿಲ್ಲುವ ಊರಿನವರ ಮುಂದೆ ಮಹಜರು ಬರೆದು, ವಸ್ತುವನ್ನು ಕವರಿಗೆ ಹಾಕಿ, ಸೀಲು ಮಾಡಿ, ಸಹಿ ಹಾಕಿಸಿ ತಗೊಳ್ಳಬೇಕಾದ್ದು. ಜೇಬಿಗೆ ಹೋದ ಕವಡೆ ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲುವುದು ಬಹಳ ಕಷ್ಟ. ಡಿಎನ್‌ಎ ವರದಿ ಅವತ್ತೇ ಸಂಜೆ ಬರುತ್ತದೆ. ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯ) ಸ್ಯಾಂಪಲ್ ಕಳಿಸಿ ವಾರಗಟ್ಟಲೆ, ತಿಂಗಳುಗಟ್ಟಲೆ ಕಾದವರು ನಮ್ಮಪ್ಪ. ಚಿತ್ರದಲ್ಲಿ ಮೊಬೈಲ್ ಟವರ್ ಹಿಡಿದು ಕೊಲೆಗಾರ ಇಂಥಾ ಮನೆಯ ಇಂಥಾ ಕೋಣೆಯಲ್ಲಿದ್ದಾನೆ ಅಂತ ಹೇಳುತ್ತಾರೆ. ಟವರ್ ಲೊಕೇಶನ್ ಒಂದು ಪ್ರದೇಶವನ್ನು ಹೇಳುತ್ತದೆ, ಮಲೆನಾಡಿನಂಥ ಕಡೆ ಅದು ಕಿಲೋಮೀಟರ್‌ಗಟ್ಟಲೆ ಇರುತ್ತದೆ.

ಕೊನೆಗೆ ಒಂದು ಗೋದಾಮಿನಲ್ಲಿ ಲೆಕ್ಚರರ್ ಇನ್‌ಸ್ಪೆಕ್ಟರ್ ಎದುರು ಎಲ್ಲ ಒಪ್ಪಿಕೊಳ್ಳುತ್ತಾನೆ, ಮುಂದಿನ ದೃಶ್ಯದಲ್ಲೇ ಶಿಕ್ಷೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಅದನ್ನೇ ಹೇಳುತ್ತಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯ 23ನೇ ಸೆಕ್ಷನ್ ಕೂಡ ಹೇಳುತ್ತದೆ. ಸಿನಿಮಾ ಅಂದ ಮೇಲೆ ಸ್ವಲ್ಪ ಸ್ವಾತಂತ್ರ್ಯ ಬೇಕು, ಒಪ್ಪುತ್ತೇನೆ. ಆದರೆ ತನಿಖೆಯ ಕಥೆ ಅಂತ ಹೇಳಿಕೊಂಡು ತನಿಖೆಯನ್ನೇ ಬಿಟ್ಟರೆ ಹೇಗೆ?

ಮಾಡಲು ಬಾರದವರೇನೂ ಅಲ್ಲ ನಮ್ಮವರು. ಸುನೀಲ್ ಕುಮಾರ್ ದೇಸಾಯಿ 1989ರಲ್ಲೇ ಒಂದು ಹಾಡೂ ಇಲ್ಲದೆ 'ತರ್ಕ' ತೆಗೆದು ಜನರನ್ನು ಕೂರಿಸಿದ್ದರು. 2019ರ 'ಕವಲುದಾರಿ'ಯಲ್ಲಿ ಒಬ್ಬ ಟ್ರಾಫಿಕ್ ಪೊಲೀಸ್, ನೆಲ ಅಗೆಯುವಾಗ ಸಿಕ್ಕ ಮೂಳೆಗಳ ಹಿಂದೆ ಬೀಳುತ್ತಾನೆ. ಅದರಲ್ಲಿ ಅನಂತ್ ನಾಗ್ ಮಾಡಿದ ನಿವೃತ್ತ ಅಧಿಕಾರಿಯನ್ನು ಅಪ್ಪ ಟಿವಿಯಲ್ಲಿ ಎರಡು ಸಲ ನೋಡಿದ್ದಾರೆ. ಮುಗಿಯದ ಕೇಸು ಮನುಷ್ಯನನ್ನು ಹೇಗೆ ತಿನ್ನುತ್ತದೆ ಅನ್ನೋದು ಅವರ ಮುಖದಲ್ಲಿ ಇದೆ ಅಂತ ಅಪ್ಪ ಹೇಳುತ್ತಿರುತ್ತಾರೆ.

ಈಗ ನಾನು ಹೇಗೆ ಮೋಸಹೋದೆ ಅಂತ ಹೇಳುತ್ತೇನೆ, ಎಚ್ಚರಿಕೆ ಇರುವುದೇ ಇಲ್ಲಿ. ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ರೇಟಿಂಗ್ ನೋಡಿದಾಗ ಹತ್ತಕ್ಕೆ ಒಂಬತ್ತೂವರೆ ಇತ್ತು. ಕೆಳಗೆ ಸಾಲು ಸಾಲು ಹೊಗಳಿಕೆ, "ಕ್ಲೈಮ್ಯಾಕ್ಸ್ ಯಾರೂ ಊಹಿಸೋಕೆ ಸಾಧ್ಯನೇ ಇಲ್ಲ" ಅಂತ. ಅದನ್ನು ನಂಬಿ ಬುಕ್ ಮಾಡಿದೆ. ಭಾನುವಾರ ಸಮಾಧಾನವಾಗಿ ಕೂತು ಮತ್ತೆ ನೋಡಿದೆ. ನಮ್ಮ ಊರಿನಲ್ಲಿ ಮೊದಲ ಶೋ ಶುರುವಾಗಿದ್ದೇ ಶುಕ್ರವಾರ ಬೆಳಗ್ಗೆ ಹತ್ತಕ್ಕೆ. ಅರ್ಧ ಗಂಟೆಯಲ್ಲಿ ಕ್ಲೈಮ್ಯಾಕ್ಸ್ ನೋಡಿದವರು ಯಾರು? 'ಊಹಿಸೋಕೆ' ಅನ್ನೋದನ್ನು 'ಉಹಿಸೋಕೆ' ಅಂತ ಬರೆದ ಅದೇ ತಪ್ಪು ಏಳು ಬೇರೆ ಬೇರೆ ಹೆಸರಿನ ಖಾತೆಗಳಲ್ಲಿ ಇತ್ತು. ಒಬ್ಬರೇ ಬರೆದುಕೊಟ್ಟದ್ದನ್ನು ಏಳು ಕಡೆ ಅಂಟಿಸಿದ್ದಾರೆ ಅಂತಲೇ ನನಗೆ ಅನಿಸಿತು.

ಹಾಗಾಗಿ ಸುಮ್ನೆ ಒಂದೆರಡು ದಿನ ತಡೆಯಿರಿ. ಶುಕ್ರವಾರದ ನಂಬರ್ ನೋಡಬೇಡಿ, ಸೋಮವಾರ ನೋಡಿ. ಅಷ್ಟು ಹೊತ್ತಿಗೆ ನಿಜವಾಗಿ ದುಡ್ಡು ಕೊಟ್ಟವರು ಬರೆದಿರುತ್ತಾರೆ. ಬರೀ 'ಟ್ವಿಸ್ಟ್ ಸೂಪರ್' ಅಂದವರನ್ನು ಬಿಟ್ಟು, ಒಂದು ಪಾತ್ರದ ಬಗ್ಗೆಯೋ ಒಂದು ದೃಶ್ಯದ ಬಗ್ಗೆಯೋ ನಾಲ್ಕು ಸಾಲು ಬರೆದವರನ್ನು ಹುಡುಕಿ ಓದಿ. ಟ್ರೇಲರ್‌ನಲ್ಲಿ ಕಪ್ಪು ಗ್ಲೌಸ್, ಮಳೆ, ಗೋಡೆ ತುಂಬ ಅಂಟಿಸಿದ ಫೋಟೊಗಳಿಗೆ ಕೆಂಪು ದಾರ, ಕುಡುಕ ಇನ್‌ಸ್ಪೆಕ್ಟರ್, ಇವೆಲ್ಲ ಒಟ್ಟಿಗೆ ಕಂಡರೆ ಇನ್ನೂ ಜಾಸ್ತಿ ಹುಷಾರಾಗಿರಿ. ದೊಡ್ಡ ನಟರ ಹೆಸರು ಪೋಸ್ಟರಿನಲ್ಲಿದ್ದು ಟ್ರೇಲರ್‌ನಲ್ಲಿ ಅವರ ಪಾತ್ರ ಏನು ಅಂತ ಹೇಳದಿದ್ದರೆ, ಕೊಲೆಗಾರ ಅವರೇ ಇರುವ ಸಾಧ್ಯತೆ ಹೆಚ್ಚು. ನಾನು ದುಡ್ಡು ಕೊಟ್ಟು ಕಲಿತ ಪಾಠ ಇದು.

ಇಷ್ಟು ಬರೆಯಲು ಇನ್ನೊಂದು ಕಾರಣ ಇದೆ. ಕನ್ನಡಿಗರು ಥಿಯೇಟರಿಗೆ ಬರುತ್ತಿಲ್ಲ ಅಂತ ಎಲ್ಲರೂ ಬೇಸರಪಡುತ್ತಾರೆ. ಒಂದು ಸಲ ಹೀಗೆ ಏಮಾರಿದ ಸಂಸಾರ ಮತ್ತೆ ಆರು ತಿಂಗಳು ಬರುವುದಿಲ್ಲ. ಆ ಆರು ತಿಂಗಳಲ್ಲಿ ಸಾಲ ಮಾಡಿ ಪ್ರಾಮಾಣಿಕವಾಗಿ ತೆಗೆದ ಯಾವುದೋ ಸಣ್ಣ ಚಿತ್ರ ಬಂದು ಹೋಗಿರುತ್ತದೆ, ಖಾಲಿ ಸೀಟುಗಳ ಮುಂದೆ. ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಅದಕ್ಕೆ. ಅಪ್ಪನಂತೂ ಇಳಿಯುವಾಗ ಮೆಟ್ಟಿಲ ಕಂಬಿ ಹಿಡಿದುಕೊಂಡು, "ಇನ್ನು ಮನೇಲೇ ನೋಡ್ತೀನಿ ಬಿಡಮ್ಮ" ಅಂದರು. ಮೂರು ಗಂಟೆಗೇ ಶರ್ಟ್ ಇಸ್ತ್ರಿ ಮಾಡಿಸಿಕೊಂಡಿದ್ದ ಮನುಷ್ಯ.

ವಾಪಸ್ ಬರುವಾಗ ಆಟೊದಲ್ಲಿ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ತಾವೇ ಶುರು ಮಾಡಿದರು. ಎಂಬತ್ತರ ದಶಕದ ಕೊನೆಯ ಒಂದು ಕೇಸು. ಕಬ್ಬಿನ ಗದ್ದೆಯಲ್ಲಿ ಹೆಣ ಸಿಕ್ಕಿತ್ತು. ಮಳೆ. ಪಂಚರಾಗಿ ನಿಲ್ಲಲು ಊರಿನ ಒಬ್ಬರೂ ಒಪ್ಪಲಿಲ್ಲ. ಕೊನೆಗೆ ಗದ್ದೆಗೆ ನೀರು ಕಟ್ಟಲು ಬಂದವನನ್ನೂ ಸೈಕಲ್ ಶಾಪಿನವನನ್ನೂ ಕೈಮುಗಿದು ಕರೆದುಕೊಂಡು ಬಂದರಂತೆ. ಅಪ್ಪ ಕೊಡೆ ಕೆಳಗೆ ಕೂತು, ತೊಡೆ ಮೇಲೆ ರಟ್ಟು ಇಟ್ಟುಕೊಂಡು ಮಹಜರು ಬರೆದರು. ಕಾರ್ಬನ್ ಕಾಪಿ ಒದ್ದೆಯಾಗಿ ಅಕ್ಷರ ಹರಡಿತು, ಮತ್ತೆ ಮೊದಲಿಂದ ಬರೆದರು. ಹೆಣದಿಂದ ಸ್ವಲ್ಪ ದೂರದಲ್ಲಿ ಒಂದೇ ಒಂದು ಚಪ್ಪಲಿ ಇತ್ತು. ಅದರ ಉಂಗುಟ ಕಿತ್ತುಹೋಗಿದ್ದಕ್ಕೆ ತಾಮ್ರದ ತಂತಿ ಸುತ್ತಿ ಹೊಲಿದಿತ್ತು. ಎರಡು ವಾರ ಆ ಚಪ್ಪಲಿ ಹಿಡಿದು ಸಂತೆ ಸಂತೆ ಸುತ್ತಿದರು. ಕೊನೆಗೆ ಒಬ್ಬ ಚಪ್ಪಲಿ ಹೊಲಿಯುವವರು ಕೈಗೆ ತಗೊಂಡು ತಿರುಗಿಸಿ ನೋಡಿ, "ಇದು ನನ್ನ ಹೊಲಿಗೆ ಸ್ವಾಮಿ" ಅಂದರಂತೆ.

ಆರೋಪಿ ಸಿಕ್ಕಿದ. ಕೋರ್ಟಿನಲ್ಲಿ ಆ ಸೈಕಲ್ ಶಾಪಿನವನು, "ನನಗೇನೂ ಗೊತ್ತಿಲ್ಲ, ಪೊಲೀಸರು ಸಹಿ ಹಾಕು ಅಂದ್ರು, ಹಾಕಿದೆ" ಅಂತ ಉಲ್ಟಾ ಹೊಡೆದ. ಕೇಸು ಬಿದ್ದುಹೋಯಿತು. ಅಪ್ಪ ಅವನನ್ನು ಬೈಯಲಿಲ್ಲ. "ಪಾಪ, ಅವನೂ ಅದೇ ಊರಲ್ಲಿ ಬಾಳಬೇಕಲ್ಲಮ್ಮ" ಅಂದರು. ಆಟೊ ಓಡಿಸುತ್ತಿದ್ದವರು ನಮ್ಮ ಮನೆ ಮುಂದೆ ನಿಲ್ಲಿಸಿ, ಮೀಟರ್ ಆಫ್ ಮಾಡಿ, ತಿರುಗಿ ಕೂತು ಕೇಳುತ್ತಿದ್ದರು. ಸತ್ತವರ ಮನೆಯವರು ಏನಾದರು ಅಂತ ಅವರೇ ಕೇಳಿದ್ದು. ಆ ಎರಡೂವರೆ ಗಂಟೆ ಚಿತ್ರದಲ್ಲಿ ಒಂದು ಸಲವೂ ಬಾರದ ಪ್ರಶ್ನೆ ಅದು.

ನಿನ್ನೆ ರಾತ್ರಿ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಅದೇ ಚಿತ್ರಕ್ಕೆ ಭಾನುವಾರ ಐದು ಟಿಕೆಟ್ ಬುಕ್ ಮಾಡುತ್ತಿದ್ದೇನೆ, ದೊಡ್ಡಪ್ಪನೂ ಬರ್ತಾರಾ ಅಂತ ಕೇಳಿದ. ಬೇಡ ಕಣೋ, ನಿಲ್ಲಿಸು ಅಂದೆ. "ರೇಟಿಂಗ್ ಚೆನ್ನಾಗಿದೆ ಅಕ್ಕ" ಅಂದ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.