ಸಿಲಿಕೋನ್ ಕಿತ್ತು ಬ್ಯೂಟೈಲ್ ಟೇಪ್ ಹಾಕಿದೀನಿ, ಎರಡು ಮಳೆಗಾಲ ಆಯ್ತು

ಮೋಟಾರ್‌ಹೋಮ್ (ಒಳಗೇ ವಾಸ ಮಾಡೋ ಗಾಡಿ) ಸೋರ್ತಿದೆ, ಸಂದಿ ಮುಚ್ಚೋಕೆ ಯಾವ ಸೀಲಂಟ್ ತಗೊಳ್ಳೋದು ಅಂತ ಹುಡುಕ್ತಿರೋರಿಗೆ ಇದು. ನಾನು ತಗೊಂಡಿದ್ದು ಬೂದು ಬಣ್ಣದ ಬ್ಯೂಟೈಲ್ ಟೇಪ್ (ರಬ್ಬರಿನ ತರ ಮೆತ್ತಗಿರೋ ಅಂಟು ಪಟ್ಟಿ) ರೋಲ್, ಒಂದಿಂಚು ಅಗಲ, ಸುಮಾರು 3 ಮಿ.ಮೀ. ದಪ್ಪ. ಹಾಕಿ ಎರಡು ಮಳೆಗಾಲ ಕಳೀತು, ಒಂದು ಹನಿ ಒಳಗೆ ಬಂದಿಲ್ಲ. ಆದ್ರೆ ಬರೀ ಟೇಪ್ ತಂದು ಅಂಟಿಸಿದ್ರೆ ಕೆಲಸ ಆಗಲ್ಲ, ಅದನ್ನೂ ಹೇಳ್ಬೇಕು.

ನಮ್ಮದ್ರಲ್ಲಿ ಹಾಸಿಗೆ ಪಕ್ಕದ ಕಿಟಕಿ ಕೆಳಗೆ ಗೋಡೆ ಸ್ವಲ್ಪ ಉಬ್ಬಿತ್ತು, ಬಾಗಿಲು ತೆಗೆದ ತಕ್ಷಣ ಮುಗ್ಗಲು ವಾಸನೆ. ಹೆಬ್ಬೆರಳಲ್ಲಿ ಒತ್ತಿದ್ರೆ ನೆನೆದ ರಟ್ಟಿನ ತರ ಒಳಗೆ ಹೋಯ್ತು. ಒಂದು ವರ್ಕ್‌ಶಾಪಿಗೆ ಕೊಟ್ಟೆ, ಅವ್ರು ಕಿಟಕಿ ಸುತ್ತ ಹೊರಗಡೆಯಿಂದ ಸಿಲಿಕೋನ್ ಎಳೆದು ಕಳಿಸಿದ್ರು, ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಆಮೇಲೆ ಮರದ ತೇವ ಅಳೆಯೋ, ಎರಡು ಮುಳ್ಳಿರೋ ಮಾಯಿಶ್ಚರ್ ಮೀಟರ್ ತಂದು ಗೋಡೆ ಉದ್ದಕ್ಕೂ ಚುಚ್ಚುತ್ತಾ ಹೋದೆ. ಕಿಟಕಿ ಕೆಳಗೆ ಶೇಕಡಾ 28, ಅಲ್ಲಿಂದ ಮೇಲೆ ಮೂಲೆ ತನಕ ಎಲ್ಲಾ ಕಡೆ 20ರ ಮೇಲೆ, ಕಿಟಕಿಯ ಇನ್ನೊಂದು ಪಕ್ಕ 12. ಅಂದ್ರೆ ಕಿಟಕಿದು ತಪ್ಪೇ ಅಲ್ಲ, ಛಾವಣಿ ಅಂಚನ್ನ ಮುಚ್ಚೋ ಪಟ್ಟಿ, ಅಂದ್ರೆ ಟ್ರಿಮ್, ಅದ್ರ ಸ್ಕ್ರೂ ತೂತಲ್ಲಿ ಇಳಿದ ನೀರು ಒಳಗಿನ ಮರದ ಪಟ್ಟಿ ಹಿಡ್ಕೊಂಡು ಬಂದು ಅಲ್ಲಿ ನಿಲ್ತಿತ್ತು. ಮರದಲ್ಲಿ ತೇವ ಶೇಕಡಾ 15ರ ಒಳಗಿದ್ರೆ ಭಯ ಇಲ್ಲ, 20 ದಾಟಿ ಹಾಗೇ ಇದ್ರೆ ಕೊಳೆಯೋಕೆ ಶುರು. ಹೊರಗಡೆ ಸಿಲಿಕೋನ್ ಬಳಿದಿದ್ರಿಂದ ಒಳಗೆ ಹೋದ ನೀರಿಗೆ ಹೊರಗೆ ಬರೋ ದಾರೀನೂ ಮುಚ್ಚಿಹೋಗಿತ್ತು, ಅದು ನನಗೆ ತುಂಬಾ ಹೊಟ್ಟೆ ಉರಿಸಿದ ವಿಷ್ಯ.

ಒಳಗಿನ ಪ್ಲೈವುಡ್ ಕತ್ತರಿಸಿ ತೆಗೆದೆ, ಕೆಳಗಿನ ಪಟ್ಟಿ ಸ್ಕ್ರೂಡ್ರೈವರ್ ತಾಗಿಸಿದ್ರೆ ಪುಡಿಪುಡಿ. ಪೂರ್ತಿ ಹೋಗಿರೋದನ್ನ ಬದಲಾಯಿಸಿದೆ, ಬರೀ ಮೆತ್ತಗಾಗಿದ್ದಕ್ಕೆ ಒಣಗಿದ ಮೇಲೆ ತೆಳು ಎಪಾಕ್ಸಿ (ಆಮೇಲೆ ಗಟ್ಟಿಯಾಗೋ ಅಂಟು) ಕುಡಿಸಿದೆ. ಒಣಗೋಕೆ ಫ್ಯಾನು, ಗಾಳಿಯ ತೇವ ಹೀರೋ ಡಿಹ್ಯುಮಿಡಿಫೈಯರ್ ಎರಡೂ ಇಟ್ಟು ಮೂರು ವಾರಕ್ಕೂ ಜಾಸ್ತಿ ಹಿಡೀತು. ಇಲ್ಲಿ ಆತುರ ಪಟ್ರೆ ಒದ್ದೆ ಮರಾನ ನೀವೇ ಪ್ಯಾಕ್ ಮಾಡಿ ಕೊಳೆಸಿದ ಹಾಗೆ.

ಇನ್ನು ಟೇಪ್. ಟ್ರಿಮ್ ಪೂರ್ತಿ ಬಿಚ್ಚಿ ಹಳೇ ಸಿಲಿಕೋನನ್ನ ಪ್ಲಾಸ್ಟಿಕ್ ಕೆರೆಯೋದ್ರಲ್ಲಿ ಕೆರೆದೆ, ಎರಡು ದಿನ ಅದೇ ಕೆಲಸ, ಯಾಕಂದ್ರೆ ಸಿಲಿಕೋನ್ ಪದರ ಸ್ವಲ್ಪ ಉಳಿದ್ರೂ ಅದ್ರ ಮೇಲೆ ಏನೂ ಸರಿಯಾಗಿ ಹಿಡಿಯಲ್ಲ, ಹೊಸ ಸಿಲಿಕೋನೂ ಹಿಡಿಯಲ್ಲ. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿದೆ. ಟೇಪನ್ನ ಎಳೀಬಾರ್ದು, ಸುಮ್ನೆ ಇಟ್ಟು ಒತ್ತಬೇಕು, ಸ್ಕ್ರೂಗಳನ್ನ ಒಂದೇ ಸಲ ಬಿಗಿ ಮಾಡ್ದೆ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಬಂದ್ರೆ ಅಂಚಿಂದ ಬೂದು ಬಣ್ಣದ ಅಂಟು ಒಂದೇ ಸಮ ಹೊರಗೆ ಬರುತ್ತೆ. ಅದು ಬಂತು ಅಂದ್ರೆ ಒಳಗೆ ಖಾಲಿ ಜಾಗ ಉಳಿದಿಲ್ಲ ಅಂತ. ಮಾರನೇ ದಿನ ಬಿಸಿಲು ಬಿದ್ಮೇಲೆ ಇನ್ನೊಂದು ಸುತ್ತು ಬಿಗಿ ಮಾಡಿ, ಹೆಚ್ಚಾಗಿದ್ದನ್ನ ಪ್ಲಾಸ್ಟಿಕ್ ಚಾಕೂಲಿ ಕತ್ತರಿಸಿದೆ. ಬ್ಯೂಟೈಲ್ ಒಣಗಿ ಗಟ್ಟಿಯಾಗಲ್ಲ, ಮೆತ್ತಗೇ ಇರುತ್ತೆ, ಗಾಡಿ ಓಡುವಾಗ ಬಾಡಿ ಅಲುಗಾಡಿದ್ರೂ ಜೊತೆಗೇ ಹಿಗ್ಗುತ್ತೆ. ನನಗೆ ಇಷ್ಟ ಆಗಿದ್ದೇ ಇದು, ಮುಂದೆ ಟ್ರಿಮ್ ಬಿಚ್ಚಬೇಕಾದ್ರೂ ಸುಲಭ.

ಕೊರತೆ ಇಲ್ವಾ ಅಂದ್ರೆ ಇದೆ. ಬಿಸಿಲಿಗೆ ನೇರ ಬಿಡೋ ಸಾಮಾನು ಅಲ್ಲ, ಅಂಚಿಗೆ ಧೂಳು ಅಂಟುತ್ತೆ, ಚಳೀಲಿ ಬಿರುಸಾಗುತ್ತೆ, ಅಂಥ ದಿನ ರೋಲನ್ನ ಸ್ವಲ್ಪ ಬೆಚ್ಚಗಿಟ್ಟು ಹಾಕಿ. ಛಾವಣಿ ಮೇಲೆ ಸ್ಕ್ರೂ ತಲೆಗಳಿಗೆ, ವೆಂಟ್ (ಗಾಳಿ ಕಿಂಡಿ) ಸುತ್ತ ತಾನಾಗೇ ಹರಡಿಕೊಳ್ಳೋ ಲ್ಯಾಪ್ ಸೀಲಂಟ್ ಬೇರೆ ಹಾಕಲೇಬೇಕು, ಗೋಡೆ ತರ ನೆಟ್ಟಗಿರೋ ಕಡೆ ಅದು ಇಳಿದುಹೋಗುತ್ತೆ, ಅಲ್ಲಿಗೆ ಜಾರದ ಬಗೆಯದು ತಗೊಳ್ಳಿ. ಛಾವಣಿ ರಬ್ಬರಿಂದಾದ್ರೆ ಪೆಟ್ರೋಲ್, ಥಿನ್ನರ್ ತಾಗಿಸ್ಬೇಡಿ, ಉಬ್ಬಿಹೋಗುತ್ತೆ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಈಗ್ಲೂ ಮೂರು ತಿಂಗಳಿಗೊಮ್ಮೆ ಏಣಿ ಹಾಕಿ ಮೇಲೆ ಹತ್ತಿ ಪ್ರತಿ ಜಾಯಿಂಟ್ ನೋಡ್ತೀನಿ, ಒಳಗೆ ಅದೇ ಜಾಗಗಳಲ್ಲಿ ಮೀಟರ್ ಚುಚ್ಚಿ ಬರೆದಿಡ್ತೀನಿ. ಕಿಟಕಿ ಕೆಳಗೆ ಹೋದ ವಾರ ನೋಡಿದಾಗ 11 ಇತ್ತು.