ಚಿಕ್ಕಬಳ್ಳಾಪುರದ ಎರಡು ಮಾಂಟೆಸ್ಸರಿಗಳು: ಕಲಿಸುವವರನ್ನು ಮುಂದಿಟ್ಟುಕೊಂಡು ಒಂದು ಹೋಲಿಕೆ

ನಮ್ಮ ಮಗಳನ್ನು ಒಂದೂವರೆ ವರ್ಷದ ಅವಧಿಯಲ್ಲಿ ಎರಡು ಮಾಂಟೆಸ್ಸರಿ ಶಾಲೆಗಳಿಗೆ, ಅವುಗಳ ನಡುವೆ ಆರು ವಾರ ನಮ್ಮ ಬೀದಿಯ ಅಂಗನವಾಡಿಗೆ ಕಳುಹಿಸಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಮೊದಲನೆಯದು ಹೆದ್ದಾರಿಯ ಬದಿಯಲ್ಲಿರುವ ದೊಡ್ಡ ಶಾಲೆಯೊಂದರ ಮಾಂಟೆಸ್ಸರಿ ವಿಭಾಗ; ಎರಡನೆಯದು ಊರೊಳಗಿನ ಹಳೆಯ ಹೆಂಚಿನ ಮನೆಯೊಂದರಲ್ಲಿ ನಡೆಯುವ, ಮೂವತ್ತಕ್ಕೂ ಕಡಿಮೆ ಮಕ್ಕಳಿರುವ ಶಾಲೆ. ನನ್ನ ಒಲವು ಎರಡನೆಯದರ ಕಡೆಗಿದೆ ಎಂಬುದನ್ನು ಮರೆಮಾಚುವುದಿಲ್ಲ. ಮೊದಲನೆಯದಕ್ಕೆ ಮುಂಗಡವಾಗಿ ಕಟ್ಟಿದ ಕೊನೆಯ ಕಂತು ಹಿಂದಿರುಗಿ ಬರಲಿಲ್ಲ ಎಂಬ ಸಿಟ್ಟೂ ಆ ಒಲವಿನಲ್ಲಿ ಸ್ವಲ್ಪ ಬೆರೆತಿದೆ.

ಉಪಕರಣಗಳ ಪಟ್ಟಿಯನ್ನು ಹೋಲಿಸಿ ಪ್ರಯೋಜನವಿಲ್ಲ. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗಿನ ಹತ್ತು ಘನಗಳ ಪಿಂಕ್ ಟವರ್, ಬಣ್ಣದ ಹಲಗೆಗಳು, ಚಿನ್ನದ ಬಣ್ಣದ ಮಣಿಗಳು ಎರಡೂ ಕಡೆ ಇವೆ. ಹೊರಗಿನ ಫಲಕವನ್ನು ನಂಬುವಂತೆಯೂ ಇಲ್ಲ. ಮಾಂಟೆಸ್ಸರಿ ಎಂಬ ಹೆಸರು ಯಾರೊಬ್ಬರ ಸ್ವತ್ತೂ ಆಗಲಾರದೆಂದು 1967ರಲ್ಲೇ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ ತೀರ್ಮಾನಿಸಿದೆ, ನಮ್ಮಲ್ಲಿ ಅದು ನರ್ಸರಿ ಎಂಬುದರ ಇನ್ನೊಂದು ಹೆಸರಾಗಿಬಿಟ್ಟಿದೆ. ಉಳಿಯುವುದು ಒಂದೇ ಪ್ರಶ್ನೆ: ಆ ಮಣಿಗಳನ್ನು ಮಗುವಿನ ಮುಂದೆ ಇಡುವವರು ಯಾರು, ಇಲ್ಲಿಗೆ ಬರುವ ಮೊದಲು ಏನು ಮಾಡುತ್ತಿದ್ದರು, ಯಾವುದರಲ್ಲಿ ಅವರ ಜೀವವಿದೆ? ಈ ಪ್ರಶ್ನೆಯನ್ನು ನಾನು ಮೊದಲ ಸಲ ಕೇಳಲಿಲ್ಲ, ಎರಡನೆಯ ಸಲ ಕೇಳಿದೆ.

ಮೊದಲ ಶಾಲೆಯ ಪುಸ್ತಿಕೆಯಲ್ಲಿ ‘ನಮ್ಮ ಶಿಕ್ಷಕರು’ ಎಂಬ ಎರಡು ಪುಟಗಳಿದ್ದುದರಿಂದ ಕೇಳುವ ಅಗತ್ಯವೇ ಇಲ್ಲವೆಂದುಕೊಂಡಿದ್ದೆ. ನುಣುಪಾದ ಕಾಗದದ ಮೇಲೆ ದುಂಡನೆಯ ಚೌಕಟ್ಟಿನಲ್ಲಿ ಭಾವಚಿತ್ರ, ಅದರ ಕೆಳಗೆ ಪದವಿ, ಪದವಿಯ ಕೆಳಗೆ ಹವ್ಯಾಸ. ಪದವಿಗಳು ಎಂ.ಬಿ.ಎ., ಎಂ.ಎಸ್ಸಿ., ಬಿ.ಕಾಂ. ಎಂದು ಬೇರೆ ಬೇರೆಯಾಗಿದ್ದವು. ಹವ್ಯಾಸದ ಸಾಲಿನಲ್ಲಿ ಮಾತ್ರ ಆರು ಜನರಿಗೂ ಪ್ರವಾಸ, ಸಂಗೀತ, ಪುಸ್ತಕ ಎಂಬ ಮೂರೇ ಪದಗಳು ಹಿಂದುಮುಂದಾಗಿ ಅಚ್ಚಾಗಿದ್ದವು. ಸಹಕಾರಿ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಓದಿಯೇ ಹನ್ನೊಂದು ವರ್ಷ ಕಳೆದಿರುವ ನನಗೆ, ಆರು ಅರ್ಜಿಗಳಲ್ಲಿ ಒಂದೇ ಕೈಬರಹ ಕಂಡರೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಜೂನ್‌ನಿಂದ ಜನವರಿಯವರೆಗಿನ ಎಂಟು ತಿಂಗಳಲ್ಲಿ ಮಗಳ ಕೋಣೆಗೆ ನಾಲ್ವರು ಶಿಕ್ಷಕಿಯರು ಬಂದರು, ಅವರಲ್ಲಿ ಮೂವರು ಹೋದರು. ಒಬ್ಬರಿಗೆ ಮದುವೆಯಾಯಿತು, ಒಬ್ಬರಿಗೆ ಬೆಂಗಳೂರಿನಲ್ಲಿ ಹೆಚ್ಚಿನ ಸಂಬಳ ಸಿಕ್ಕಿತು, ಮೂರನೆಯವರು ಏಕೆ ಹೋದರೆಂದು ಯಾರೂ ಹೇಳಲಿಲ್ಲ. ಹೋದವರನ್ನು ದೂರುವುದಿಲ್ಲ, ಅವರಿಗೆ ಕೊಡುತ್ತಿದ್ದ ಸಂಬಳವನ್ನು ಕೇಳಿದ ಮೇಲೆ ದೂರಲು ಬಾಯಿಯೂ ಬರಲಿಲ್ಲ. ಆದರೆ ಮಾಂಟೆಸ್ಸರಿ ಪದ್ಧತಿಯಲ್ಲಿ ಶಿಕ್ಷಕಿ ಬದಲಾಗುವುದೆಂದರೆ ಕಪ್ಪುಹಲಗೆಯ ಮುಂದೆ ನಿಲ್ಲುವವರು ಬದಲಾದಷ್ಟು ಸುಲಭದ ಸಂಗತಿಯಲ್ಲ. ಅಲ್ಲಿ ಪ್ರತಿಯೊಂದು ಉಪಕರಣವನ್ನೂ ಒಂದೊಂದು ಮಗುವಿಗೆ ಪ್ರತ್ಯೇಕವಾಗಿ, ಆ ಮಗು ಅದಕ್ಕೆ ಸಿದ್ಧವಾದ ದಿನ, ಆದಷ್ಟು ಕಡಿಮೆ ಮಾತಿನಲ್ಲಿ ಪರಿಚಯಿಸುತ್ತಾರೆ. ಅದಕ್ಕೆ ಪ್ರೆಸೆಂಟೇಶನ್ ಎನ್ನುತ್ತಾರೆ. ಯಾವ ಮಗು ಎಲ್ಲಿಯವರೆಗೆ ಬಂದಿದೆ ಎಂಬುದು ಶಿಕ್ಷಕಿಯ ಅವಲೋಕನದಲ್ಲಿಯೂ ಅವರ ಟಿಪ್ಪಣಿ ಪುಸ್ತಕದಲ್ಲಿಯೂ ಇರುತ್ತದೆ. ಮೊದಲ ಶಾಲೆಯಲ್ಲಿ ಶಿಕ್ಷಕಿಯ ಜೊತೆ ಆ ಪುಸ್ತಕವೂ ಹೋಗುತ್ತಿತ್ತು.

ಹೀಗಾಗಿ ನಮ್ಮ ಮಗಳಿಗೆ, ಬೇರೆ ಬೇರೆ ಅಳತೆಯ, ಹಿಡಿಯುಳ್ಳ ಹತ್ತು ಸಿಲಿಂಡರುಗಳನ್ನು ಅವುಗಳದೇ ಕುಳಿಗಳಲ್ಲಿ ಕೂರಿಸುವ ಮರದ ದಿಮ್ಮಿಯಾದ ಸಿಲಿಂಡರ್ ಬ್ಲಾಕ್‌ನ ಪ್ರೆಸೆಂಟೇಶನ್ ಮೂರು ಸಲ, ಮೂರು ಬಗೆಯಲ್ಲಿ ಆಯಿತು. ಮೊದಲನೆಯವರು ಮಾತಿಲ್ಲದೆ, ಹಿಡಿಯನ್ನು ಮೂರು ಬೆರಳಿನಿಂದ ಹಿಡಿದು, ಒಂದೊಂದಾಗಿ ತೆಗೆದು ತೋರಿಸಿದ್ದರಂತೆ. ಪೆನ್ಸಿಲು ಹಿಡಿಯಬೇಕಾದ ಬೆರಳುಗಳು ಅವೇ ಆದ್ದರಿಂದ ಆ ಹಿಡಿತಕ್ಕೆ ಅರ್ಥವಿದೆ. ಎರಡನೆಯವರು ಅದನ್ನು ಪಾಠವಾಗಿ ಮಾಡಿದರು. ಮೂರನೆಯವರು ಮಗು ತಪ್ಪು ಕುಳಿಯಲ್ಲಿ ಇಟ್ಟೊಡನೆ ಕೈ ಹಾಕಿ ಸರಿಪಡಿಸತೊಡಗಿದರು. ಹತ್ತು ಸಿಲಿಂಡರುಗಳಲ್ಲಿ ಒಂದು ತಪ್ಪಾದರೆ ಕೊನೆಗೆ ಒಂದು ಹೊಂದದೆ ಉಳಿದು ಮಗುವೇ ತಪ್ಪನ್ನು ಕಂಡುಕೊಳ್ಳುತ್ತದೆ ಎಂಬುದಕ್ಕಾಗಿಯೇ ಆ ಉಪಕರಣವನ್ನು ಹಾಗೆ ರೂಪಿಸಿದ್ದಾರೆಂಬುದು ಅವರಿಗೆ ತಿಳಿದಿರಲಿಲ್ಲವೋ, ಮರೆತಿತ್ತೋ. ಡಿಸೆಂಬರಿನ ಹೊತ್ತಿಗೆ ಮಗಳು ಆ ಬ್ಲಾಕನ್ನು ಕಂಡರೆ ಕೈಗಳನ್ನು ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದಳು. ಪಾಲಕರ ಸಭೆಯಲ್ಲಿ ‘ಮಗು ನಾಚಿಕೆಯ ಸ್ವಭಾವದ್ದು’ ಎಂದು ಬರೆದುಕೊಟ್ಟರು. ಮನೆಯಲ್ಲಿ ಅಜ್ಜಿಯ ಜೊತೆ ತೆಲುಗಿನಲ್ಲಿ, ನಮ್ಮ ಜೊತೆ ಕನ್ನಡದಲ್ಲಿ ಇಡೀ ದಿನ ವಟಗುಟ್ಟುವ ಮಗು, ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದೆಂಬ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡರೆ ಅದು ಯಾವ ನಾಚಿಕೆಯೋ ನಾನರಿಯೆ.

ಅಂಗನವಾಡಿಯ ಬಗ್ಗೆ ಎರಡು ಮಾತು. ಅಲ್ಲಿಯ ಕಾರ್ಯಕರ್ತೆಗೆ ಮಕ್ಕಳ ಮೇಲಿದ್ದ ಅಕ್ಕರೆಯನ್ನೂ ಅವರಿಗೆ ಬಾಯಿಪಾಠವಿದ್ದ ಶಿಶುಗೀತೆಗಳನ್ನೂ ಹೆದ್ದಾರಿಯ ಶಾಲೆಯವರು ಹಣ ಕೊಟ್ಟು ತರಲಾರರು. ಆದರೆ ತೂಕದ ದಾಖಲೆ, ಮೊಟ್ಟೆಯ ಲೆಕ್ಕ, ಸಮೀಕ್ಷೆ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ ಇವುಗಳೇ ಆಕೆಯ ಬೆಳಗನ್ನು ನುಂಗುತ್ತಿದ್ದವು.

ಎರಡನೆಯ ಶಾಲೆಯಲ್ಲಿ ಪುಸ್ತಿಕೆಯೇ ಇಲ್ಲ. ನಡೆಸುವವರನ್ನು ಮಕ್ಕಳು ಅಕ್ಕ ಎನ್ನುತ್ತಾರೆ. ಅವರು ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಮನೆಯವರು. ಮದುವೆಯ ನಂತರ ಬೆಂಗಳೂರಿಗೆ ಓಡಾಡಿಕೊಂಡು ಒಂದು ವರ್ಷದ ಮಾಂಟೆಸ್ಸರಿ ಡಿಪ್ಲೊಮಾ ಮುಗಿಸಿದರು. ತರಬೇತಿಯಲ್ಲಿ ಪ್ರತಿ ಉಪಕರಣವನ್ನು ಪರಿಚಯಿಸುವ ಬಗೆಯನ್ನು ತಾವೇ ಕೈಯಿಂದ ಬರೆದು, ಚಿತ್ರ ಬಿಡಿಸಿ ಸಿದ್ಧಪಡಿಸಿದ ದಪ್ಪ ಆಲ್ಬಮ್‌ಗಳನ್ನು ಕೇಳಿದೊಡನೆ ತಂದು ತೋರಿಸಿದರು. ನಾಲ್ಕು ವಾರದ ಆನ್‌ಲೈನ್ ಪ್ರಮಾಣಪತ್ರಗಳು ಗೋಡೆಯ ಮೇಲೆ ತೂಗುವ ಈ ಕಾಲದಲ್ಲಿ, ಪ್ರವೇಶಕ್ಕೆ ಹೋದ ಪಾಲಕರು ಈ ಆಲ್ಬಮ್ಮನ್ನು ಕೇಳುವುದು ಒಳ್ಳೆಯದು.

ಅವರ ಜೊತೆಗಿರುವ ಇನ್ನೊಬ್ಬರು ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ವರ್ಷ ನರ್ಸ್ ಆಗಿದ್ದವರು. ಬಟ್ಟೆ ಮಡಿಸುವುದು, ನೀರು ಸುರಿಯುವುದು, ಮೇಜು ಒರೆಸುವುದು ಮುಂತಾದ ದಿನನಿತ್ಯದ ಕೆಲಸಗಳ ಭಾಗ ಇವರ ಕೈಯಲ್ಲಿದೆ. ಆದರೆ ನನ್ನನ್ನು ಗೆದ್ದದ್ದು ಇವರ ದಪ್ಪ ರಿಜಿಸ್ಟರು. ವಾರ್ಡಿನಲ್ಲಿ ಬೆಳಗಿನ ಪಾಳಿಯವರು ಸಂಜೆಯ ಪಾಳಿಯವರಿಗೆ ರೋಗಿಯ ಸ್ಥಿತಿಯನ್ನು ಬರೆದು ಒಪ್ಪಿಸುವ ರೂಢಿಯಂತೆ, ಪ್ರತಿ ಮಗು ಯಾವ ಚಾಪೆಯ ಮೇಲೆ ಏನನ್ನು ತೆಗೆದುಕೊಂಡಿತು, ಎಷ್ಟು ಹೊತ್ತು ಕುಳಿತಿತು, ಎಲ್ಲಿ ಬಿಟ್ಟೆದ್ದಿತು ಎಂಬುದನ್ನು ಇವರು ದಿನವೂ ಬರೆಯುತ್ತಾರೆ. ನಾಳೆ ಇವರು ರಜೆ ಹಾಕಿದರೂ ಬಂದವರು ಆ ಪುಟವನ್ನು ಓದಿ ಮುಂದುವರಿಯಬಹುದು. ಮೊದಲ ಶಾಲೆಯಲ್ಲಿ ನಾನು ಎಂಟು ತಿಂಗಳು ಕೇಳಿ ಪಡೆಯಲಾಗದ ಸಂಗತಿ ಇಲ್ಲಿ ಕೇಳದೆಯೇ ಸಿಕ್ಕಿತು. ಈ ಪದ್ಧತಿಯನ್ನು ರೂಪಿಸಿದ ಮಾರಿಯಾ ಮಾಂಟೆಸ್ಸರಿ ಸ್ವತಃ ವೈದ್ಯೆ. 1896ರಲ್ಲಿ ರೋಮ್‌ನಲ್ಲಿ ವೈದ್ಯಕೀಯ ಪದವಿ ಪಡೆದವರು. ಆದರೆ 1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊ ಬಡಾವಣೆಯಲ್ಲಿ ಅವರ ಮೊದಲ ಶಾಲೆಯಾದ ‘ಮಕ್ಕಳ ಮನೆ’ ತೆರೆದಾಗ, ದಿನವೂ ಮಕ್ಕಳ ಜೊತೆಗಿದ್ದವಳು ಅದೇ ಕಟ್ಟಡದ ಕಾವಲುಗಾರನ ಮಗಳು. ಪುಸ್ತಿಕೆಯ ಪದವಿಗಳಿಗೆ ಮಾರುಹೋದ ನನಗೆ ಈ ಸಂಗತಿ ತಡವಾಗಿ ತಿಳಿಯಿತು.

ಮೂರನೆಯವರು ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದ ಯುವಕ. ಎಲೆಯ ಆಕಾರಗಳನ್ನು ಕಲಿಸುವ ಮರದ ಪೆಟ್ಟಿಗೆ ಶಾಲೆಯಲ್ಲಿಲ್ಲವೆಂದು ಅರಳಿ, ಹೊಂಗೆ, ಬೇವಿನ ಎಲೆಗಳನ್ನೇ ತಂದು ಕಲಿಸುತ್ತಾರೆ. ಮಕ್ಕಳಿಗಿಂತ ಮರಗಳ ಬಗ್ಗೆ ಅವರಿಗೆ ತಾಳ್ಮೆ ಹೆಚ್ಚು, ತೆಲುಗು ಬರುವುದಿಲ್ಲ, ಇರಲಿ.

ಅಕ್ಕನವರಿಗೆ ಎರಡು ಹುಚ್ಚುಗಳಿವೆ. ಒಂದು ಕನ್ನಡದ ಅಕ್ಷರ. ಮೊದಲ ಶಾಲೆಯಲ್ಲಿ, ಮಗು ಬೆರಳಾಡಿಸಿ ಕಲಿಯುವ ಸ್ಯಾಂಡ್‌ಪೇಪರ್ ಅಕ್ಷರಗಳಿದ್ದದ್ದು ಇಂಗ್ಲಿಷಿನಲ್ಲಿ ಮಾತ್ರ. ಇವರು ಹಾರ್ಡ್‌ವೇರ್ ಅಂಗಡಿಯ ಮರಳು ಕಾಗದವನ್ನು ತಾವೇ ಕತ್ತರಿಸಿ, ಸ್ವರಗಳನ್ನು ನೀಲಿ ಹಲಗೆಗೂ ವ್ಯಂಜನಗಳನ್ನು ಗುಲಾಬಿ ಹಲಗೆಗೂ ಅಂಟಿಸಿ, ಒತ್ತಕ್ಷರಗಳಿಗೆ ಚಿಕ್ಕ ಹಲಗೆಗಳನ್ನು ಮಾಡಿಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರೊಂದು, ಉಚ್ಚಾರವೊಂದು; ಕನ್ನಡದಲ್ಲಿ ‘ಕ’ ಎಂಬುದರ ಹೆಸರೂ ಧ್ವನಿಯೂ ಒಂದೇ ಆದ್ದರಿಂದ ಬೆರಳು ತಿರುಗಿದ ಹಾಗೆ ಧ್ವನಿಯೂ ಬಾಯಿಗೆ ಬರುತ್ತದೆ. ‘ಇದು ಕ’ ಎಂದು ಹೇಳುವುದು, ‘ಕ ತೋರಿಸು’ ಎಂದು ಕೇಳುವುದು, ಬಹಳ ತಡವಾಗಿ ‘ಇದೇನು?’ ಎಂದು ಕೇಳುವುದು: ಈ ಮೂರು ಹಂತಗಳಲ್ಲಿ ಕೊನೆಯದಕ್ಕೆ ಅವರು ಆತುರಪಡುವುದಿಲ್ಲ. ಮಗಳು ಸೇರಿದ ಮೊದಲ ವಾರ ಅವರು ಕೇಳಿದ ಒಂದೇ ಪ್ರಶ್ನೆ ತೆಲುಗಿನಲ್ಲಿ, ‘ನೀಳ್ಳು ಕಾವಾಲಾ?’ (ನೀರು ಬೇಕಾ?) ಎಂಬುದಾಗಿತ್ತು.

ಎರಡನೆಯ ಹುಚ್ಚು ರೇಷ್ಮೆ ಹುಳು. ಇದರಿಂದ ನಮ್ಮ ಮನೆ ಒಂದು ತಿಂಗಳು ತಲೆಕೆಳಗಾಯಿತು. ಶಾಲೆಯ ಮೂಲೆಯೊಂದರಲ್ಲಿ ಪುಟ್ಟ ತಟ್ಟೆಯಲ್ಲಿ ಹುಳು ಮೇಯಿಸುತ್ತಾರೆ. ಕೈ ತೊಳೆಯದೆ, ಚಪ್ಪಲಿ ಬಿಡದೆ ಅಲ್ಲಿಗೆ ಯಾರೂ ಹೋಗುವಂತಿಲ್ಲ. ಎರಡನೇ ಜ್ವರ ಎದ್ದ ಮೇಲೆ ಇಪ್ಪತ್ತು ಹುಳುಗಳನ್ನು ಹಿಪ್ಪುನೇರಳೆ ಎಲೆಯ ಸಮೇತ ಮಗಳ ಕೈಯಲ್ಲಿ ಮನೆಗೆ ಕಳುಹಿಸಿದರು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಮೇಲೆ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಸೊಳ್ಳೆಬತ್ತಿಯ ಹೊಗೆಗೂ ಸೊಳ್ಳೆ ಓಡಿಸುವ ದ್ರವಕ್ಕೂ ಈ ಹುಳುಗಳು ಸಾಯುತ್ತವೆಯಾದ್ದರಿಂದ ಮಳೆಗಾಲದ ನಡುವೆ ನಾವು ಅವೆರಡನ್ನೂ ನಿಲ್ಲಿಸಿ ಸೊಳ್ಳೆ ಪರದೆ ಖರೀದಿಸಬೇಕಾಯಿತು. ಪ್ರತಿದಿನ ಬೆಳಿಗ್ಗೆ ಔಷಧಿ ಹೊಡೆಯದ ಸೊಪ್ಪನ್ನು ಹುಡುಕಿಕೊಂಡು ನನ್ನ ಯಜಮಾನರು ಸ್ಕೂಟರಿನಲ್ಲಿ ಊರ ಹೊರಗಿನ ತೋಟಕ್ಕೆ ಹೋಗಬೇಕಾಯಿತು. ಹೂವಿನ ಮಂಡಿಗೆ ತಡವಾಗಿ ಹೋದ ದಿನಗಳ ನಷ್ಟವನ್ನು ಅವರು ಇಂದಿಗೂ ಶಾಲೆಯ ಶುಲ್ಕಕ್ಕೆ ಸೇರಿಸಿಯೇ ಹೇಳುತ್ತಾರೆ.

ಅಷ್ಟಾಗಿಯೂ ಅಕ್ಕನವರ ಪೂರ್ವಾಶ್ರಮ ಮಕ್ಕಳಿಗೆ ಏಕೆ ಒದಗಿತೆಂಬುದು ನನಗೆ ಅರ್ಥವಾದದ್ದು ಆಗಲೇ. ಮೂರನೇ ಜ್ವರಕ್ಕೆ ಕುಳಿತ ಹುಳುಗಳು ತಲೆ ಎತ್ತಿಕೊಂಡು ಅಲುಗದೆ ನಿಂತಾಗ ಸತ್ತವೇನೋ ಎಂದು ನಾನು ಮುಟ್ಟಿ ನೋಡಹೋದೆ. ಮಗಳು ನನ್ನ ಕೈ ಹಿಡಿದು, ‘ಅಮ್ಮಾ, ಜ್ವರ ಬಂದಿದೆ, ಮುಟ್ಟಬಾರದು, ಅದೇ ಎದ್ದೇಳತ್ತೆ’ ಎಂದಳು. ಮೇಯುವ ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಕೊಡುವುದು, ಕುಳಿತ ಹುಳುವನ್ನು ಅದರ ಪಾಡಿಗೆ ಬಿಡುವುದು ಹುಳು ಸಾಕುವವರ ಮನೆಯಲ್ಲಿ ಬೆಳೆದವರಿಗೆ ರಕ್ತದಲ್ಲೇ ಬಂದಿರುತ್ತದೆ. ಚಾಪೆಯ ಮೇಲೆ ಮಗುವೊಂದು ಅರ್ಧ ಗಂಟೆಯಿಂದ ಅದೇ ಸಿಲಿಂಡರುಗಳನ್ನು ತೆಗೆದು ಇಡುತ್ತಿದ್ದರೆ ಅಕ್ಕ ಹತ್ತಿರವೂ ಸುಳಿಯುವುದಿಲ್ಲ. ‘ಭೇಷ್’ ಎಂದು ಕೂಡ ಅನ್ನುವುದಿಲ್ಲ. ಶಿಕ್ಷಕಿ ಮೊದಲು ಬಿಡಬೇಕಾದದ್ದು ಸಿಟ್ಟನ್ನು ಮತ್ತು ಹಮ್ಮನ್ನು ಎಂದು ಮಾಂಟೆಸ್ಸರಿ ಹೇಳಿದ್ದು ತರಬೇತಿಯಲ್ಲಿ ಎಲ್ಲರಿಗೂ ಪಾಠವಾಗಿರುತ್ತದೆ; ಅದನ್ನು ಮೊದಲೇ ಬೇರೆ ಕಡೆ ಕಲಿತು ಬಂದವರು ಕಡಿಮೆ.

ಎರಡನೆಯ ಶಾಲೆಯ ಕೊರತೆಗಳು ಸಣ್ಣವಲ್ಲ. ವ್ಯಾನ್ ಇಲ್ಲ. ಹನ್ನೆರಡೂವರೆಗೆ ಬಾಗಿಲು ಹಾಕುತ್ತಾರೆ. ಸಿಲಿಂಡರ್ ಬ್ಲಾಕುಗಳನ್ನು ಊರಿನ ಬಡಗಿಯೊಬ್ಬರಿಂದ ಮಾಡಿಸಿದ್ದು, ಒಂದು ಬ್ಲಾಕಿನಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಂದರ ಕುಳಿಯಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತವೆ; ಅಂದರೆ ತಪ್ಪು ತಾನಾಗಿ ಕಾಣುವ ಗುಣವೇ ಅಲ್ಲಿ ಹೋಯಿತು. ಹೆದ್ದಾರಿಯ ಶಾಲೆಯ ಬ್ಲಾಕುಗಳಲ್ಲಿ ಕೂದಲೆಳೆಯಷ್ಟೂ ಸಡಿಲವಿರಲಿಲ್ಲ. ಇದನ್ನು ಅಕ್ಕನವರಿಗೆ ಹೇಳಿದಾಗ, ಮಕ್ಕಳು ಒಂದಕ್ಕೆ ‘ಕಳ್ಳ ಸಿಲಿಂಡರ್’ ಎಂದು ಹೆಸರಿಟ್ಟಿದ್ದಾರೆಂದು ನಕ್ಕರು. ನಗುವ ವಿಷಯವೆಂದು ನನಗೆ ಅನ್ನಿಸಲಿಲ್ಲ. ದೀಪಾವಳಿಯ ನಂತರ ಹೊಸ ಬ್ಲಾಕ್ ಬಂತು.

ನನ್ನ ಆಯ್ಕೆ ನಮ್ಮ ಮನೆಯ ಲೆಕ್ಕಕ್ಕೆ ಹೊಂದಿದ್ದು. ಬ್ಯಾಂಕಿನಿಂದ ನಾನು ಹೊರಬೀಳುವುದು ಸಂಜೆ ಐದೂವರೆಗೆ. ಹನ್ನೆರಡೂವರೆಗೆ ಮಗುವನ್ನು ಕರೆತರಲು ಅತ್ತೆಯವರಿದ್ದಾರೆ, ಶಾಲೆ ಎರಡು ಬೀದಿಯ ಆಚೆಗಿದೆ. ಮನೆಯಲ್ಲಿ ಹಿರಿಯರಿಲ್ಲದ, ಇಬ್ಬರೂ ಬೆಂಗಳೂರಿಗೆ ದಿನವೂ ಓಡಾಡುವ ದಂಪತಿಗಳಿಗೆ ಸಂಜೆಯವರೆಗೆ ಮಕ್ಕಳನ್ನು ಇಟ್ಟುಕೊಳ್ಳುವ ಹೆದ್ದಾರಿಯ ಶಾಲೆಯೇ ಅನಿವಾರ್ಯವಾಗಬಹುದು. ಅಂಥವರು ಪುಸ್ತಿಕೆಯನ್ನು ಬದಿಗಿಟ್ಟು, ಕಳೆದ ವರ್ಷ ಇದೇ ಕೋಣೆಯಲ್ಲಿದ್ದವರು ಈ ವರ್ಷವೂ ಇದ್ದಾರೆಯೇ ಎಂದು ಮೊದಲು ಕೇಳಲಿ. ಇಪ್ಪತ್ತರಲ್ಲಿ ಹದಿನೇಳು ಹುಳುಗಳು ಗೂಡು ಕಟ್ಟಿದವು. ಕೊನೆಯ ವಾರ ಸೊಪ್ಪು ಹಾಕುವ ಕೆಲಸವನ್ನು ಯಾರಿಗೂ ಬಿಟ್ಟುಕೊಡದೆ ಮಾಡಿದವರು ಮೊದಲು ಮೂಗು ಮುರಿದಿದ್ದ ಅತ್ತೆಯವರೇ. ಜೂನ್‌ನಿಂದ ಮಗನನ್ನೂ ಅಕ್ಕನವರ ಶಾಲೆಗೇ ಸೇರಿಸುತ್ತಿದ್ದೇವೆ. ಒಬ್ಬರಿಗೆ ವರ್ಷಕ್ಕೆ 36,000 ರೂಪಾಯಿಯಂತೆ ಇಬ್ಬರದೂ ಸೇರಿ 72,000 ಆಗುತ್ತದೆ. ಹೆದ್ದಾರಿಯ ಶಾಲೆಗೆ ಒಬ್ಬಳಿಗೇ ವ್ಯಾನ್ ಸಮೇತ 92,000 ಕಟ್ಟಿದ್ದೆವು. ಉಳಿದ ಹಣದಲ್ಲಿ ಇನ್ನೊಂದು ಸೊಳ್ಳೆ ಪರದೆ ತರಬೇಕೆಂದು ಯಜಮಾನರು ಈಗಲೇ ಹೇಳಿಟ್ಟಿದ್ದಾರೆ.